ಬಿಲ್ಲಿಗೆ ಶ್ರುತಿ ಹಿಡಿದ ಬಗೆ

ಬಿಲ್ಲಿನ ವೇಗ ಹೆಚ್ಚಿದಷ್ಟೂ ನನ್ನ ಬಾಣಗಳು ಗುರಿ ತಪ್ಪುತ್ತಿದ್ದವು. ಕೊರಿಯಾದ ಸಾಂಪ್ರದಾಯಿಕ ಬಿಲ್ಲು ಹಿಡಿದು ಆಗ ಎರಡನೇ ವರ್ಷ. ಸುವೊನ್ ಹತ್ತಿರ ನೌಕರಿ. ವಾರಕ್ಕೆ ಮೂರು ದಿನ, ಆಫೀಸಿಗೆ ಹೋಗುವ ಮೊದಲು ಬೆಳಗಿನ ಹೊತ್ತು ಬಿಲ್ಲಂಗಳದಲ್ಲಿ ಕಳೆಯುತ್ತಿದ್ದೆ. ವೃತ್ತಿಯಲ್ಲಿ ನಾನು ಯಂತ್ರಗಳ ಕಂಪನ ಅಳೆಯುವ ಎಂಜಿನಿಯರ್. ಅಳೆಯದೆ ಯಾವುದನ್ನೂ ನಂಬಲಾರೆ. ಬಾಣದ ವೇಗ ಹಿಡಿಯುವ ಕ್ರೊನೋಗ್ರಾಫ್ ಒಂದನ್ನು ಕೊಂಡು ತಂದೆ.

7 ದೊನ್ ತೂಕದ ಕಾರ್ಬನ್ ಬಾಣ ಸೆಕೆಂಡಿಗೆ 54 ಮೀಟರ್ ತೋರಿಸಿತು. ದೊನ್ ಎಂದರೆ 3.75 ಗ್ರಾಂ; ಇಲ್ಲಿ ಬಾಣದ ತೂಕವನ್ನು ಇವತ್ತಿಗೂ ಅದರಲ್ಲೇ ಹೇಳುತ್ತಾರೆ. 6 ದೊನ್ ಬಾಣಕ್ಕೆ ಬದಲಾಯಿಸಿ, ಹೆದೆಯ ಎಳೆಗಳನ್ನು ಕಡಿಮೆ ಮಾಡಿಸಿ ತೆಳ್ಳಗೆ ಮಾಡಿದೆ. 58 ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಆದರೆ ಮೊದಲು ಐದರಲ್ಲಿ ಎರಡು ಮೂರು ತಾಗುತ್ತಿದ್ದದ್ದು ಆ ತಿಂಗಳಲ್ಲಿ ಒಂದಕ್ಕೆ ಇಳಿಯಿತು.

ಇಲ್ಲಿಯ ಗುರಿ 145 ಮೀಟರ್ ದೂರದಲ್ಲಿರುತ್ತದೆ. 2 ಮೀಟರ್ ಅಗಲ, 2.67 ಮೀಟರ್ ಎತ್ತರದ ಹಲಗೆ, ಹಿಂದಕ್ಕೆ 15 ಡಿಗ್ರಿ ಒರಗಿಸಿ ನಿಲ್ಲಿಸಿದ್ದು. ವೃತ್ತಗಳಿಗೆ ಅಂಕ ಕೊಡುವ ಪದ್ಧತಿಯಿಲ್ಲ. ಹಲಗೆಗೆ ಎಲ್ಲಿ ತಾಗಿದರೂ ತಾಗಿದಂತೆ, ಇಲ್ಲದಿದ್ದರೆ ಇಲ್ಲ. ಸಾಲಾಗಿ ನಿಂತವರು ಸರದಿಯಂತೆ ಒಂದೊಂದೇ ಬಾಣ ಬಿಡುತ್ತಾರೆ. ಐದು ಬಾಣ ಮುಗಿದರೆ ಒಂದು 'ಸುನ್'. ಐದೂ ತಾಗಿದರೆ 'ಮೊಲ್ಗಿ'. ಹೊಡೆಯುವಾಗ ಯಾರೂ ಮಾತಾಡುವುದಿಲ್ಲ. ಆ ಮೌನದಲ್ಲಿ ದೂರದ ಹಲಗೆಯಿಂದ ಬರುವ 'ಟಪ್' ಎಂಬ ಸದ್ದಿಗೆ ಕಿವಿ ಕಾಯುತ್ತಿರುತ್ತದೆ. ನನ್ನ ಸರದಿಯಲ್ಲಿ ಆ ಸದ್ದು ಬರುವುದು ನಿಂತುಹೋಗಿತ್ತು.

ಅಂಗಳದ ಹಿರಿಯರೊಬ್ಬರು ಒಂದು ದಿನ ಪಕ್ಕದಲ್ಲಿ ನಿಂತು ನನ್ನ ಐದೂ ಬಾಣಗಳನ್ನು ನೋಡಿದರು. ಗುರಿಯ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ನನ್ನ ಎಡಗೈ ಮುಷ್ಟಿಯ ಹತ್ತಿರ ಬಾಣದ ಮೊನೆ ಎಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದರು. ಮುಗಿದ ಮೇಲೆ, "ನೀನು ಐದು ಬೇರೆ ಬೇರೆ ಬಿಲ್ಲಿನಿಂದ ಹೊಡೆದೆ" ಎಂದರು.

ನಂಬದೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬದಿಯಿಂದ ವಿಡಿಯೊ ತೆಗೆದೆ. ಮೊದಲ ಬಾಣಕ್ಕೂ ಐದನೆಯದಕ್ಕೂ ಎಳೆತದಲ್ಲಿ ಎರಡೂವರೆ ಸೆಂಟಿಮೀಟರ್ ವ್ಯತ್ಯಾಸವಿತ್ತು. ಅಷ್ಟೇ ತಾನೆ ಎಂದುಕೊಂಡು ಲೆಕ್ಕಕ್ಕೆ ಕುಳಿತೆ. ನನ್ನದು 45 ಪೌಂಡ್ ಬಿಲ್ಲು, ಅಂದರೆ ಪೂರ್ತಿ ಎಳೆದು ಹಿಡಿಯಲು ಅಷ್ಟು ಬಲ ಬೇಕು. ಎಳೆತದ ಕೊನೆಯಲ್ಲಿ ಒಂದು ಸೆಂಟಿಮೀಟರ್ ಬಿಟ್ಟರೆ ಸುಮಾರು 2 ಜೌಲ್ ಶಕ್ತಿ ಹೋಗುತ್ತದೆ, ಬಾಣದ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರಿನಷ್ಟು ಇಳಿಯುತ್ತದೆ. ಬಾಣ ಹೋಗುವ ದೂರವು ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 145 ಮೀಟರಿನಲ್ಲಿ ಬಾಣ ಮೂರು ನಾಲ್ಕು ಮೀಟರ್ ಮೊದಲೇ ನೆಲ ಮುಟ್ಟುತ್ತದೆ. ಕೆಳಗಿಳಿಯುವ ಬಾಣದ ಓರೆಯನ್ನು ಸೇರಿಸಿಕೊಂಡರೆ ಹಲಗೆಯ ಮೇಲೆ ಅದು ಹತ್ತಿರ ಹತ್ತಿರ ಒಂದು ಮೀಟರ್ ಕೆಳಗೆ. ಒಂದು ಸೆಂಟಿಮೀಟರಿಗೆ ಒಂದು ಮೀಟರ್! ಹಲಗೆಯ ಎತ್ತರವೇ 2.67. ಎರಡೂವರೆ ಸೆಂಟಿಮೀಟರ್ ಏರುಪೇರು ಮಾಡುವವನಿಗೆ 58 ಬಂದರೇನು, 54 ಬಂದರೇನು?

ನಾನು ಶ್ರುತಿ ಮಾಡಬೇಕಾಗಿದ್ದದ್ದು ಮೊದಲು ಎಳೆತವನ್ನು. ಕೊರಿಯಾದವರು ಬಾಣದ ಮೊನೆ ಎಡಗೈಯ ಹೆಬ್ಬೆರಳ ಗೆಣ್ಣಿಗೆ ತಾಗುವುದನ್ನೇ ಪೂರ್ಣ ಎಳೆತದ ಗುರುತಾಗಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಬಾಣದ ಉದ್ದ ಮೈಗೆ ಅಳೆದು ಹೊಲಿಸಿದ ಅಂಗಿಯ ಹಾಗಿರಬೇಕು. ನಾನು ಅಂಗಡಿಯಲ್ಲಿ ಸಿಕ್ಕಿದ್ದ 2 ಜಾ 7 ಛಿ ಉದ್ದದ, ಅಂದರೆ 82 ಸೆಂಟಿಮೀಟರ್ ಹತ್ತಿರದ ಬಾಣ ಬಳಸುತ್ತಿದ್ದೆ. ನನ್ನ ತೋಳಿಗೆ ಅದು ಉದ್ದ. ಮೊನೆ ಗೆಣ್ಣಿಗೆ ತಾಗುತ್ತಲೇ ಇರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಾಗುತ್ತಿರಲಿಲ್ಲ. 2 ಜಾ 6 ಛಿ ಬಾಣಕ್ಕೆ ಬಂದೆ, 79 ಸೆಂಟಿಮೀಟರ್. ಇನ್ನೂ ಗಿಡ್ಡ ತೆಗೆದುಕೊಳ್ಳುವುದು ಅಪಾಯ. ಮೊನೆ ಬಿಲ್ಲಿನೊಳಕ್ಕೆ ಜಾರಿ ಬಂದರೆ ಬಿಟ್ಟ ಬಾಣ ಬಿಲ್ಲಿಗೇ ಹೊಡೆದು ಸೀಳಿ ಕೈಗೆ ನೆಟ್ಟೀತು. ಹೊಸಬರು ಬಾಣ ಕತ್ತರಿಸುವ ಮೊದಲು ಹತ್ತು ಸಲ ಅಳೆಯಿರಿ, ಅದೂ ಮೈ ಬೆಚ್ಚಗಾದ ಮೇಲೆ. ಒಂದು ಗಂಟೆ ಹೊಡೆದ ಮೇಲೆ ಹೆಗಲು ಸಡಿಲಗೊಂಡು ಎಳೆತ ಹೆಚ್ಚಾಗುತ್ತದೆ.

ಗಿಡ್ಡ ಬಾಣ ಹೆಚ್ಚು ಬಿರುಸು, ಅಂದರೆ ಸುಲಭಕ್ಕೆ ಬಳುಕದು. ಇಲ್ಲಿ ಬಲಗೈಯವರು ಬಾಣವನ್ನು ಬಿಲ್ಲಿನ ಬಲಮಗ್ಗುಲಲ್ಲಿ ಇಡುತ್ತಾರೆ, ಹಾಗಾಗಿ ಬಿರುಸಾದ ಬಾಣ ಬಲಕ್ಕೆ ಹೋಗುತ್ತದೆ, ಬಳುಕುವ ಬಾಣ ಎಡಕ್ಕೆ. ಯುರೋಪಿನ ರೀತಿ ಕಲಿತು ಬಂದವರಿಗೆ ಇದು ತಿರುವುಮುರುವು, ಅವರ ಪುಸ್ತಕದ ಸಲಹೆ ಇಲ್ಲಿ ನಡೆಯದು. ನನ್ನ ಬಾಣಗಳೆಲ್ಲ ಹಲಗೆಯ ಬಲ ಅಂಚಿನಲ್ಲಿ ಗುಂಪಾಗಿ ಬೀಳತೊಡಗಿದವು. ಗುಂಪಾಗಿಯಾದರೂ ಬಿದ್ದವು, ಅದೇ ದೊಡ್ಡದು! ಅದೇ ಉದ್ದದ, ಕೊಂಚ ಹೆಚ್ಚು ಬಳುಕುವ 7 ದೊನ್ ಬಾಣ ಹುಡುಕಿ ತಂದ ಮೇಲೆ ಗುಂಪು ನಡುವಿಗೆ ಬಂತು. ಹಗುರ ಬಾಣಗಳನ್ನು ಮತ್ತೆ ಮುಟ್ಟಲಿಲ್ಲ. ಹಗುರ ಬಾಣ ಬಿಲ್ಲಿನ ಶಕ್ತಿಯನ್ನೆಲ್ಲ ಹೊತ್ತೊಯ್ಯುವುದಿಲ್ಲ. ಉಳಿದದ್ದು ಬಿಲ್ಲಿನ ತೋಳುಗಳಲ್ಲಿ ನಡುಕವಾಗಿ, ಮುಷ್ಟಿಯಲ್ಲಿ ಜುಮ್ಮೆನ್ನುವ ಹೊಡೆತವಾಗಿ ಹಿಂದಕ್ಕೆ ಬರುತ್ತದೆ. ವೇಗಕ್ಕಾಗಿ ತೆಳ್ಳಗೆ ಮಾಡಿಸಿದ್ದ ಹೆದೆಯನ್ನೂ ತೆಗೆದು ಹಳೆಯದನ್ನೇ ಏರಿಸಿದೆ.

ಹೆದೆಯ ವಿಷಯ ಬಂತಲ್ಲ. ಕೊರಿಯಾದ ಬಿಲ್ಲಿನಲ್ಲಿ ಹೆದೆ ತುದಿಯ ಕಚ್ಚಿನಿಂದ ನೇರ ಹೊರಡುವುದಿಲ್ಲ. ಎರಡೂ ತುದಿಗಳ ಹತ್ತಿರ 'ದೊಗೊಜಿ' ಎಂಬ ಸಣ್ಣ ಮೆತ್ತೆಗಳ ಮೇಲೆ ಒರಗಿ ಕೂತಿರುತ್ತದೆ, ವೀಣೆಯ ತಂತಿ ಕುದುರೆಯ ಮೇಲೆ ಕೂತ ಹಾಗೆ. ಎಳೆಯುತ್ತ ಹೋದಂತೆ ಹೆದೆ ಮೆತ್ತೆಯಿಂದ ಎದ್ದು ಉದ್ದವಾಗುತ್ತದೆ, ತುದಿಗಳು ಸನ್ನೆಕೋಲಿನಂತೆ ಕೆಲಸ ಮಾಡತೊಡಗುತ್ತವೆ. ನಾಲ್ಕಡಿಗಿಂತ ಕೊಂಚ ಉದ್ದದ ಬಿಲ್ಲನ್ನು ಕಿವಿ ದಾಟಿಸಿ ಎಳೆಯಬಹುದಾದದ್ದಕ್ಕೆ ಇದೂ ಒಂದು ಕಾರಣ. ಬಿಟ್ಟಾಗ ಹೆದೆ ಮತ್ತೆ ಮೆತ್ತೆಗೆ ಬಂದು ಬಡಿಯುತ್ತದೆ. ಎರಡೂ ಕಡೆ ಒಟ್ಟಿಗೆ ಬಡಿದರೆ ಒಂದೇ ಸದ್ದು, ಇಲ್ಲದಿದ್ದರೆ ಒಡೆದ ಸದ್ದು. ನನ್ನ ಕಸುಬಿನ ಕಿವಿ ಇಲ್ಲಿ ಉಪಯೋಗಕ್ಕೆ ಬಂತು. ಹೆದೆಯನ್ನು ನಾಲ್ಕು ಸುತ್ತು ತಿರುಚಿ ಮುಷ್ಟಿಯಿಂದ ಅದರ ದೂರವನ್ನು 14 ಸೆಂಟಿಮೀಟರಿಗೆ ತಂದಾಗ ಸದ್ದು ಒಂದಾಯಿತು. ನಿಮ್ಮ ಬಿಲ್ಲಿಗೆ ಇದೇ ಅಳತೆ ಹೊಂದಬೇಕೆಂದಿಲ್ಲ, ಕೇಳಿ ನೋಡಿ.

ಹೆದೆ ಏರಿಸಿದ ಕೂಡಲೇ ಬಿಲ್ಲನ್ನು ತಿರುಗಿಸಿ, ಹೆದೆ ಎರಡೂ ತೋಳುಗಳ ನಟ್ಟನಡುವೆ ಹಾಯುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವುದನ್ನು ಮರೆಯಬೇಡಿ. ಒಂದು ಬೇಸಿಗೆಯಲ್ಲಿ ಬಿಲ್ಲನ್ನು ಕಾರಿನೊಳಗೆ ಬಿಟ್ಟು ಹೋಗಿ ಮೇಲಿನ ತೋಳು ತಿರುಚಿಕೊಂಡಿತ್ತು. ಬೆಚ್ಚಗೆ ಮಾಡಿ ಎದುರು ದಿಕ್ಕಿಗೆ ಮೆಲ್ಲಗೆ ಹಿಂಡುತ್ತ ಅದನ್ನು ದಾರಿಗೆ ತರಲು ಒಂದು ವಾರ ಹಿಡಿಯಿತು.

ಬಾಣ ಸಿಕ್ಕಿಸುವ ಜಾಗ 'ಜೊಲ್ಪಿ'. ಅದು ತಗ್ಗಿನಲ್ಲಿದ್ದುದರಿಂದ ಗರಿಯ ಬುಡ ಪ್ರತಿ ಸಲ ಹೆಬ್ಬೆರಳ ಬುಡವನ್ನು ಗೀರುತ್ತಿತ್ತು. ಮೂರು ಮಿಲಿಮೀಟರ್ ಮೇಲೆತ್ತಿ ದಾರ ಸುತ್ತಿದೆ, ಗಾಯ ನಿಂತಿತು. ಇದರಲ್ಲಿ ಹೇಳಲು ಹೆಚ್ಚೇನಿಲ್ಲ.

ಎಳೆಯುವುದು ಬಲಗೈ ಹೆಬ್ಬೆರಳಿನಿಂದ, 'ಕಾಕ್ಜಿ' ಎಂಬ ಕೊಂಬಿನ ಉಂಗುರ ತೊಟ್ಟು. ಹಾಗೆ ಎಳೆಯಲು ಕಲಿತ ದಿನ ಏಕಲವ್ಯನ ಕತೆ ನನಗೆ ಬೇರೆಯೇ ಆಗಿ ಅರ್ಥವಾಯಿತು. ಮೂರು ಬೆರಳಿನಿಂದ ಹೆದೆ ಎಳೆಯುವ ರೀತಿಯಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ದ್ರೋಣ ಅದನ್ನೇ ಕೇಳಿದ್ದು ಏಕೆ, ಉಳಿದ ಬೆರಳುಗಳಿಂದ ಬಿಟ್ಟ ಬಾಣಕ್ಕೆ ಮೊದಲಿನ ಚುರುಕು ಇರಲಿಲ್ಲವೆಂದು ಮಹಾಭಾರತ ಹೇಳುವುದು ಏಕೆ, ಎಲ್ಲವೂ ಹೆಬ್ಬೆರಳ ನೋವಿನಲ್ಲಿ ತಿಳಿಯಿತು. ಉಂಗುರ ಸಡಿಲವಿದ್ದರೆ ಬಿಡುಗಡೆಯ ಕ್ಷಣ ಒಂದೊಂದು ಸಲ ಒಂದೊಂದು ಥರ. ಒಳಗೆ ತೆಳು ತೊಗಲು ಅಂಟಿಸಿ ಬಿಗಿ ಮಾಡಿಕೊಂಡೆ. ಅದಕ್ಕೂ ಮೊದಲು ಹೆದೆ ಕೆನ್ನೆಗೆ ಬಾರಿಸಿ ಕಿವಿಯ ಹಾಲೆ ಕೆಂಪಾಗದ ವಾರವಿರಲಿಲ್ಲ.

ಇಷ್ಟೆಲ್ಲ ಫೈಬರ್‌ಗ್ಲಾಸ್ ಹೊದಿಸಿದ 'ಗೇರ್ಯಾಂಗ್‌ಗುಂಗ್', ಅಂದರೆ ಸುಧಾರಿತ ಬಿಲ್ಲಿನ ಮಾತು. ಒಮ್ಮೆ ಶ್ರುತಿ ಕೂತರೆ ತಿಂಗಳುಗಟ್ಟಲೆ ಅಲುಗದು. ನಾಲ್ಕನೇ ವರ್ಷ ನಾನು 'ಗಕ್‌ಗುಂಗ್', ಕೊಂಬಿನ ಬಿಲ್ಲು ತೆಗೆದುಕೊಂಡೆ. ಐದನೇ 'ದಾನ್', ಅಂದರೆ ಐದನೇ ದರ್ಜೆಯಿಂದ ಮೇಲಿನ ಪರೀಕ್ಷೆಗಳಿಗೆ ಈ ಬಿಲ್ಲು, ಬಿದಿರಿನ ಬಾಣವೇ ಬೇಕು. ನನಗೆ ಪರೀಕ್ಷೆಯ ಆಸೆಗಿಂತ ಸಿಯೋಲ್‌ನ ಹ್ವಾಂಗ್‌ಹಕ್‌ಜೊಂಗ್‌ನಲ್ಲಿ ಕಂಡ ದೃಶ್ಯವೇ ಕಾರಣ. 1898ರಲ್ಲಿ ಗೊಜೊಂಗ್ ದೊರೆಯ ಅಪ್ಪಣೆಯಂತೆ ಅರಮನೆಯೊಳಗೆ ಕಟ್ಟಿ, 1922ರಲ್ಲಿ ಈಗಿನ ಗುಡ್ಡದ ಬದಿಗೆ ಸಾಗಿಸಿದ ಬಿಲ್ಲಂಗಳ ಅದು. ಅಲ್ಲಿ ಹೆದೆ ಬಿಚ್ಚಿಟ್ಟಿದ್ದ ಗಕ್‌ಗುಂಗ್ ಒಂದು ತುದಿಗೆ ತುದಿ ಮುಟ್ಟುವಷ್ಟು ಮುಂದಕ್ಕೆ ಸುರುಳಿ ಸುತ್ತಿ ಮಲಗಿತ್ತು. ಅದನ್ನು ಹಿಂದಕ್ಕೆ ಬಗ್ಗಿಸಿ ಬಿಲ್ಲು ಮಾಡುತ್ತಾರೆಂದರೆ ನಂಬಲಾಗಲಿಲ್ಲ.

ಅದರೊಳಗೆ ಏನೇನಿದೆ! ನಡುವೆ ಬಿದಿರು, ನಮ್ಮ ಕಡೆಗಿರುವ ಹೊಟ್ಟೆಗೆ ನೀರೆಮ್ಮೆಯ ಕೊಂಬು, ಬೆನ್ನಿಗೆ ದನದ ಸ್ನಾಯುವಿನ ಎಳೆ, ಹಿಡಿಗೆ ಓಕ್, ಅಂಟಿಸಲು ಮೀನಿನ ಗಾಳಿಚೀಲ ಕಾಯಿಸಿ ತೆಗೆದ ಗೋಂದು, ಮೇಲೆ ಬರ್ಚ್ ಮರದ ತೊಗಟೆ. ನೀರೆಮ್ಮೆ ಕೊರಿಯಾದಲ್ಲಿಲ್ಲ, ಹಿಂದಿನಿಂದಲೂ ಕೊಂಬು ಹೊರಗಿನಿಂದಲೇ ಬರಬೇಕು. ಎರಡು ತುದಿಗಳು ಹಿಪ್ಪುನೇರಳೆ ಮರದ್ದು. ಅದನ್ನು ಕೇಳಿ ನಾನು ಬಿಲ್ಲನ್ನು ಮೂಸಿ ನೋಡಿದೆ! ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟದ ನಡುವೆ ಬೆಳೆದವರಿಗೆ ಅದರ ಸೊಪ್ಪು ಗೊತ್ತು, ಹುಳು ಗೊತ್ತು. ಅದರ ಕಟ್ಟಿಗೆಗೆ ಇಂಥ ಗತಿಯೂ ಇದೆಯೆಂದು ಯಾರು ಹೇಳಿದ್ದರು?

ಈ ಬಿಲ್ಲಿನ ಗೋಂದು, ಸ್ನಾಯು ಎರಡೂ ಗಾಳಿಯ ತೇವ ಕುಡಿಯುತ್ತವೆ. ಅದಕ್ಕೇ ಇದನ್ನು ಮೂವತ್ತು ಡಿಗ್ರಿ ಚಿಲ್ಲರೆ ಬಿಸಿಯಿರುವ ಪೆಟ್ಟಿಗೆಯಲ್ಲಿ ಒಣಗಿಸಿ ಇಡುತ್ತಾರೆ, ಅದಕ್ಕೆ 'ಜೊಮ್‌ಹ್ವಾ' ಎನ್ನುತ್ತಾರೆ. ಚಳಿಗಾಲದಲ್ಲಿ ಅಜ್ಜಿ ಹುಳು ಮನೆಯಲ್ಲಿ ಇದ್ದಿಲ ಒಲೆ ಇಟ್ಟು, ರಾತ್ರಿ ಎದ್ದೆದ್ದು ಹೋಗಿ ಬಿಸಿ ನೋಡಿ ಬರುತ್ತಿದ್ದಳು. ನಾನೀಗ ಬಿಲ್ಲಿನ ಪೆಟ್ಟಿಗೆಗೆ ಹಾಗೇ ಎದ್ದು ಹೋಗುತ್ತೇನೆ.

ಹೆದೆ ಏರಿಸುವುದೇ ಒಂದು ಪೂಜೆ. ಪೆಟ್ಟಿಗೆಯಿಂದ ತೆಗೆದು, ನೆಲಕ್ಕೆ ಕೂತು ಮೊಣಕಾಲಿನ ಆಧಾರದಲ್ಲಿ ಬಗ್ಗಿಸಿ ಹೆದೆ ಹಾಕಬೇಕು. ಕಲಿಯುವವರೆಗೆ ಇಬ್ಬರು ಬೇಕು. ಆಮೇಲೆ ಆಕಾರ ನೋಡಬೇಕು. ಯಾವ ಭಾಗ ಬಿಗಿಯಾಗಿ ನೆಟ್ಟಗಿದೆಯೋ ಅದನ್ನು ಶಾಖಕ್ಕೆ ಹಿಡಿದು, ಬಟ್ಟೆ ಇಟ್ಟು ಕಾಲಿನಿಂದ ಮೆಲ್ಲಗೆ ಒತ್ತಬೇಕು. ಕೆಳಗಿನ ತೋಳು ಮೇಲಿನದಕ್ಕಿಂತ ಒಂದಿಷ್ಟು ಬಿಗಿ ಇರಬೇಕು. ಮೃದಂಗದ ಗಟ್ಟವನ್ನು ಅಲ್ಲಿಷ್ಟು ಇಲ್ಲಿಷ್ಟು ತಟ್ಟುವ ಹಾಗೆ. ಅವಸರ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತು. ಆಫೀಸಿಗೆ ತಡವಾಗುತ್ತದೆಂದು ಒಂದು ಬೆಳಿಗ್ಗೆ ಸರಿಯಾಗಿ ಬೆಚ್ಚಗಾಗದ ಬಿಲ್ಲನ್ನು ಬಗ್ಗಿಸಿದೆ. ಹೆದೆ ಮೆತ್ತೆಯ ಪಕ್ಕಕ್ಕೆ ಜಾರಿತು, ಬಿಲ್ಲು ಕೈಯಿಂದ ಚಿಮ್ಮಿ ಹಿಂದುಮುಂದಾಗಿ ಮಗುಚಿತು, ಕೊಂಬು ಸೀಳಿದ ಸದ್ದು ಕೇಳಿಸಿತು. ಬಿಲ್ಲು ಕಟ್ಟುವವರು ಗೋಂದು ಒಣಗದ ಬೇಸಿಗೆ ಬಿಟ್ಟು, ಶರತ್ತಿನಿಂದ ವಸಂತದವರೆಗೆ ಕೂತು ಮಾಡುವ ಕೆಲಸವದು. 1971ರಿಂದ ಈ ಕಸುಬನ್ನು, 2020ರಿಂದ ಬಿಲ್ಲು ಹೊಡೆಯುವ ವಿದ್ಯೆಯನ್ನು ಕೊರಿಯಾ ರಾಷ್ಟ್ರೀಯ ಪರಂಪರೆಯೆಂದು ಕಾಪಾಡುತ್ತಿದೆ. ನಾನು ಅರೆನಿಮಿಷದಲ್ಲಿ ಮುರಿದಿದ್ದೆ. ಅಂದು ಆಫೀಸಿಗೆ ಹೋಗಲೇ ಇಲ್ಲ.

ಈಗಿರುವುದು ಎರಡನೇ ಗಕ್‌ಗುಂಗ್. ಒಣ ಚಳಿಗಾಲದಲ್ಲಿ ತಕ್ಕಡಿಗೆ ತೂಗುಹಾಕಿ ಎಳೆದಾಗ 45 ಪೌಂಡ್ ತೂಗಿತ್ತು. 'ಜಾಂಗ್ಮಾ' ಮಳೆ ಹಿಡಿದ ಜುಲೈಯಲ್ಲಿ, ಪೆಟ್ಟಿಗೆಯಿಂದ ತೆಗೆದು ಒಂದು ಗಂಟೆ ಹೊರಗಿಟ್ಟ ಮೇಲೆ 41. ಅದೇ ಬಿಲ್ಲು, ಅದೇ ತೋಳು. ಹಾಗಾಗಿ ಮಳೆಗಾಲದಲ್ಲಿ ಹೊಡೆಯುವಾಗ ಎಡಮುಷ್ಟಿಯನ್ನು ಮೊದಲ ಸುನ್‌ಗೆ ಒಂದೆಡೆ, ನಾಲ್ಕನೇ ಸುನ್‌ಗೆ ಅದಕ್ಕಿಂತ ಮೇಲೆ ಹಿಡಿಯುತ್ತೇನೆ. ಇದಕ್ಕೆಲ್ಲ ಪ್ರತಿಫಲವೂ ಇದೆ. ಬಿಟ್ಟಾಗ ಕೈಗೆ ಹೊಡೆತವೇ ಬರದು. ಬಾಣ ಹೋದ ಮೇಲೆ ಮುಷ್ಟಿಯಲ್ಲಿ ಬರೀ ಒಂದು ನಿಟ್ಟುಸಿರಿನಷ್ಟು ಅಲುಗಾಟ.

ಕ್ರೊನೋಗ್ರಾಫ್ ಕಪಾಟಿನಲ್ಲಿದೆ. ನೋಟ್‌ಪುಸ್ತಕದಲ್ಲಿ ವೇಗದ ಕಾಲಂ ಬಿಟ್ಟು, ಗಾಳಿಯ ತೇವ, ಪೆಟ್ಟಿಗೆಯ ಬಿಸಿ, ಹೆದೆಯ ದೂರ, ಐದು ಬಾಣ ಬಿದ್ದ ಜಾಗ ಇಷ್ಟನ್ನೇ ಬರೆಯುತ್ತೇನೆ. ಹೊಡೆದು ಮುಗಿಸಿ ಬಾಣ ಹೆಕ್ಕಲು ಎಲ್ಲರೂ ಒಟ್ಟಿಗೆ 145 ಮೀಟರ್ ನಡೆದು ಹೋಗುತ್ತೇವಲ್ಲ, ಆಗ ಬಾಣಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ಮೊದಲು ನೋಡುತ್ತೇನೆ. ನಿನ್ನೆ ನಾಲ್ಕು ಒಂದು ಮಾರಿನೊಳಗಿದ್ದವು, ಐದನೆಯದು ಹಲಗೆ ಮುಟ್ಟದೆ ಮುಂದೆ ಮಣ್ಣಿನಲ್ಲಿ ನೆಟ್ಟಿತ್ತು. ಮೇಲಿನ ತೋಳಿನಲ್ಲಿ, ಹಿಡಿಯಿಂದ ಒಂದು ಗೇಣು ದೂರದಲ್ಲಿ ಬಾಗು ಹೆಚ್ಚಾಗುತ್ತಿದೆ ಎಂದು ಅನುಮಾನ. ಮಳೆ ನಿಂತ ಮೇಲೆ ಎರಡು ದಿನ ಪೆಟ್ಟಿಗೆಯಲ್ಲಿ ಬಿಟ್ಟು, ಶನಿವಾರ ಆ ಹಿರಿಯರ ಮುಂದೆ ಹೆದೆ ಏರಿಸಿ ತೋರಿಸಬೇಕು.