ಹಳೇ ಗಾಡಿಯ ಎಂಜಿನ್ ಆಯಿಲ್ ಎಲ್ಲಿಂದ ಸೋರುತ್ತಿದೆ ಅಂತ ಹುಡುಕೋದು ಹೇಗೆ?

ಆಯಿಲ್ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಇದೊಂದನ್ನ ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಕೆಲಸ ಆದ ಹಾಗೆ. ಮೇಲೆ ಟ್ಯಾಪೆಟ್ ಕವರ್ (ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ) ಹತ್ತಿರ ಹೊರಬಂದ ಆಯಿಲ್ ಬ್ಲಾಕ್ ಮೇಲೆ ನಿಧಾನಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಬೀಸುವ ಗಾಳಿಗೆ ಹಿಂದಕ್ಕೆ ಸರಿಯುತ್ತದೆ, ಕೊನೆಗೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಅಂಚಿಗೆ ಬಂದು ಅಲ್ಲಿಂದ ನೆಲಕ್ಕೆ ಬೀಳುತ್ತದೆ. ಕೆಳಗಿಂದ ಬಗ್ಗಿ ನೋಡಿದವರಿಗೆ ಚೇಂಬರ್ ಪ್ಯಾಕಿಂಗ್ (ಸಂದಿನಲ್ಲಿ ಕೂರಿಸುವ ಗ್ಯಾಸ್ಕೆಟ್) ಹೋಗಿದೆ ಅನ್ನಿಸುತ್ತದೆ. ಪ್ಯಾಕಿಂಗ್ ಬದಲಾಯಿಸಿ ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಲೆ. ತುಂಬಾ ಜನರ ದುಡ್ಡು ಹಾಳಾಗುವುದು ಇಲ್ಲೇ.

ಸೋರುತ್ತಿರುವುದು ಎಂಜಿನ್ ಆಯಿಲ್ಲೇ ಹೌದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ ಕೆಳಗೆ ದೊಡ್ಡದೊಂದು ರಟ್ಟು ಹಾಸಿ, ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಅಂತ ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಬಣ್ಣ ನೋಡಿ, ಬೆರಳಿನಲ್ಲಿ ಉಜ್ಜಿ, ಮೂಸಿ. ಕಂದು ಅಥವಾ ಕಪ್ಪು ಬಣ್ಣ, ಜಾರುವ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಇರಬಹುದು. ಕೆಂಪಗಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದ್ದೋ ಪವರ್ ಸ್ಟಿಯರಿಂಗಿನದ್ದೋ ಆಗಿರುವ ಸಾಧ್ಯತೆ ಜಾಸ್ತಿ. ಗಂಧಕದ ಘಾಟು ಹೊಡೆದರೆ ಗೇರ್ ಆಯಿಲ್. ನೀರಿನ ಹಾಗೆ ತೆಳ್ಳಗೆ, ಹಸಿರೋ ಗುಲಾಬಿಯೋ ಬಣ್ಣದಲ್ಲಿ ಇದ್ದರೆ ಕೂಲೆಂಟ್. ಕೂಲೆಂಟ್ ವಿಷ, ಬಾಯಿಗೆ ಹೋಗಬಾರದು, ಮಕ್ಕಳು ಮತ್ತು ನಾಯಿ ಬೆಕ್ಕುಗಳನ್ನು ಅದರಿಂದ ದೂರ ಇಡಿ. ಬರೀ ನೀರಾದರೆ ಎಸಿಯದ್ದು, ತಲೆ ಕೆಡಿಸಿಕೊಳ್ಳಬೇಡಿ.

ಹುಡುಕುವಾಗಲೂ ಗಾಡಿ ಓಡಿಸಲೇಬೇಕಲ್ವಾ? ಹಾಗಾಗಿ ದಿನಾ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಬಹಳಷ್ಟು ಕಾರುಗಳಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ವ್ಯತ್ಯಾಸ ಇರುತ್ತದೆ. ಆಯಿಲ್ ಮಟ್ಟ ಯಾವತ್ತೂ ಕೆಳಗಿನ ಗುರುತಿಗಿಂತ ಕೆಳಗೆ ಹೋಗಬಾರದು. ಮೇಲಿನ ಗುರುತು ದಾಟಿ ಸುರಿಯುವುದೂ ತಪ್ಪು, ಜಾಸ್ತಿಯಾದ ಆಯಿಲ್ ಕೂಡ ಸೀಲುಗಳಿಂದ ಹೊರಗೆ ಬರುತ್ತದೆ. ಇನ್ನೊಂದು ವಿಷಯ. ಆಯಿಲ್ ಬೇಗ ಕಡಿಮೆಯಾಗುತ್ತಿದ್ದರೂ ರಟ್ಟಿನ ಮೇಲೆ ಏನೂ ಬೀಳದಿದ್ದರೆ, ಅದು ಒಳಗೇ ಉರಿಯುತ್ತಿರಬಹುದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಅದು ಬೇರೆಯೇ ಕಾಯಿಲೆ.

ಈಗ ತೊಳೆಯುವ ಕೆಲಸ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ವರ್ಷಗಟ್ಟಲೆ ಕೂತ ಜಿಡ್ಡು, ಮಣ್ಣು ಎಲ್ಲಾ ಸೇರಿ ಎಂಜಿನ್ ಕಪ್ಪಗಾಗಿದ್ದರೆ ಹಳೇ ಆಯಿಲ್ ಯಾವುದು ಹೊಸದು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಎಷ್ಟೇ ಅನುಭವ ಇರುವ ಮೆಕ್ಯಾನಿಕ್ ಆದರೂ ಅಷ್ಟೇ. ಎಂಜಿನ್ ತಣ್ಣಗಾದ ಮೇಲೆ ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ, ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ವೈರಿಂಗ್ ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಜೋರಾಗಿ ನೀರು ಹೊಡೆಯಬೇಡಿ. ಪೂರ್ತಿ ಒಣಗಲಿ. ಆಮೇಲೆ ಅನುಮಾನ ಇರುವ ಜೋಡಣೆಗಳ ಮೇಲೆ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ, ಆದರೆ ಏರ್ ಫಿಲ್ಟರ್ ಮತ್ತು ಬೆಲ್ಟ್ ಕಡೆ ಹೋಗದ ಹಾಗೆ. ಒಂದು ಸುತ್ತು ಓಡಿಸಿಕೊಂಡು ಬಂದು ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಎಲ್ಲಿ ಶುರುವಾಗಿದೆಯೋ ಅದೇ ಮೂಲ. ನಿಯಮ ಸರಳ: ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು, ಎಲ್ಲಕ್ಕಿಂತ ಮುಂದಿನದ್ದು ಯಾವುದೋ ಅದನ್ನು ಮೊದಲು ಹಿಡಿಯಿರಿ. ಎಂಜಿನ್ನಿನ ಹಿಂಭಾಗಕ್ಕೆ ಕಣ್ಣು ಹೋಗದಿದ್ದರೆ ಸಣ್ಣ ಕನ್ನಡಿ ಬಳಸಿ, ಅಥವಾ ಫೋನ್ ಒಳಗೆ ತೂರಿಸಿ ವಿಡಿಯೋ ಮಾಡಿ.

ಕೆಳಗೆ ಹೋಗಿ ನೋಡಬೇಕಾದರೆ ಬರೀ ಜಾಕ್ ನಂಬಿ ಗಾಡಿ ಅಡಿಗೆ ತಲೆ ಹಾಕಬೇಡಿ. ಸಮನಾದ ನೆಲದ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಗಟ್ಟಿಯಾದ ಸ್ಟ್ಯಾಂಡ್ ಮೇಲೆ ಗಾಡಿ ಕೂರಿಸಿದ ಮೇಲೆಯೇ.

ಪೌಡರಿನಲ್ಲೂ ಸಿಗದಿದ್ದರೆ ಯುವಿ ಡೈ ಇದೆ. ಎಂಜಿನ್ ಆಯಿಲ್‌ಗೆ ಅಂತಲೇ ಇರುವ ಡೈಯನ್ನು ಡಬ್ಬಿ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ, ಸ್ವಲ್ಪ ದೂರ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಾಕಿ ನೋಡಿದರೆ ಹೊಸದಾಗಿ ಹೊರಬಂದ ಆಯಿಲ್ ಹಳದಿ-ಹಸಿರಾಗಿ ಹೊಳೆಯುತ್ತದೆ. ತೀರಾ ನಿಧಾನಕ್ಕೆ ಜಿನುಗುವ ಸೋರಿಕೆಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಯಾವಾಗ ಸೋರುತ್ತದೆ ಅನ್ನುವುದೂ ಸುಳಿವು ಕೊಡುತ್ತದೆ. ಎಂಜಿನ್ ಓಡುವಾಗ ಮಾತ್ರ ಜೋರಾಗಿ ಬಂದು, ನಿಲ್ಲಿಸಿದಾಗ ನಿಂತುಹೋದರೆ ಆಯಿಲ್ ಒತ್ತಡದಲ್ಲಿ ಹರಿಯುವ ಜಾಗಗಳನ್ನು ನೋಡಿ: ಆಯಿಲ್ ಫಿಲ್ಟರ್, ಪ್ರೆಷರ್ ಸ್ವಿಚ್ (ಆಯಿಲ್ ಒತ್ತಡ ಕಡಿಮೆಯಾದರೆ ಮೀಟರಿನಲ್ಲಿ ದೀಪ ಹಚ್ಚುವ ಸ್ವಿಚ್), ಆಯಿಲ್ ಕೂಲರ್, ಟರ್ಬೋ ಇದ್ದರೆ ಅದರ ಪೈಪು. ಪ್ರೆಷರ್ ಸ್ವಿಚ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದರೆ ಇದನ್ನು ಸುಮಾರು ಜನ ನೋಡುವುದೇ ಇಲ್ಲ. ಅದರ ಕನೆಕ್ಟರ್ ಕಳಚಿ ನೋಡಿ. ಒಳಗೆ ಆಯಿಲ್ ಇದ್ದರೆ ಸ್ವಿಚ್ ಒಳಗಿನಿಂದಲೇ ಸೋರುತ್ತಿದೆ. ಸಣ್ಣ ಪಾರ್ಟು, ಬದಲಾಯಿಸುವುದೂ ಹೆಚ್ಚಿನ ಗಾಡಿಗಳಲ್ಲಿ ಸುಲಭ. ಸರ್ವೀಸ್ ಆದ ತಕ್ಷಣ ಸೋರಿಕೆ ಶುರುವಾಗಿದ್ದರೆ ಡ್ರೈನ್ ಬೋಲ್ಟಿನ ವಾಷರ್ ನೋಡಿ. ಫಿಲ್ಟರ್ ಬಿಚ್ಚಿದಾಗ ಹಳೇ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರ್ ಕೂತಿರಬಹುದು, ಅದನ್ನೂ ನೋಡಿ. ಹಾಗೆ ಎರಡು ರಿಂಗ್ ಸೇರಿದರೆ ಆಯಿಲ್ ಯಾವ ಕ್ಷಣದಲ್ಲಾದರೂ ಪೂರ್ತಿ ಖಾಲಿಯಾಗಬಹುದು, ಆ ಗಾಡಿ ಓಡಿಸಬೇಡಿ.

ಸುಟ್ಟ ಆಯಿಲ್ ವಾಸನೆ ಬರುತ್ತಿದ್ದು ನೆಲದ ಮೇಲೆ ಮಾತ್ರ ಕಲೆ ಇಲ್ಲ ಅಂದರೆ, ಟ್ಯಾಪೆಟ್ ಕವರ್ ಗ್ಯಾಸ್ಕೆಟ್‌ನಿಂದ ಬಂದ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಉರಿದುಹೋಗುತ್ತಿರಬಹುದು. ಹಳೇ ಗಾಡಿಗಳಲ್ಲಿ ಈ ಗ್ಯಾಸ್ಕೆಟ್ ಬಿಸಿಗೆ ಒಣಗಿ ಕಲ್ಲಿನ ಹಾಗಾಗಿರುತ್ತದೆ. ಬೋಲ್ಟ್ ಇನ್ನಷ್ಟು ಬಿಗಿ ಮಾಡಿದರೆ ಸರಿಹೋಗುತ್ತೆ ಅಂತ ಪಾನಾ ಹಿಡಿದು ತಿರುಗಿಸಬೇಡಿ. ತಗಡಿನ ಕವರ್ ಸೊಟ್ಟಗಾಗುತ್ತದೆ, ಅಲ್ಯೂಮಿನಿಯಂನಲ್ಲಿರುವ ಥ್ರೆಡ್ ಹೋಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಕಂಪನಿ ಹೇಳಿದ ಟಾರ್ಕ್‌ನಷ್ಟೇ ಬಿಗಿ ಮಾಡಿ. ಸಿಲಿಕೋನ್ ಅಂಟನ್ನು ದಪ್ಪಗೆ ಬಳಿಯುವುದೂ ಬೇಡ. ಒಳಗೆ ಉಳಿದ ತುಣುಕು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನಿಗೇ ಕುತ್ತು.

ಎರಡು ಮೂರು ಕಡೆ ಒಟ್ಟಿಗೇ ಸೋರುತ್ತಿದೆಯಾ? ಹೊಸ ಸೀಲ್ ಹಾಕಿದರೂ ನಿಲ್ಲುತ್ತಿಲ್ಲವಾ? ಹಾಗಾದರೆ ಸೀಲುಗಳನ್ನು ಬಿಟ್ಟು ಬ್ರೀದರ್ ಕಡೆ ನೋಡಿ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಎಲ್ಲಾ ಎಂಜಿನ್‌ಗಳಲ್ಲೂ ಕೆಳಗೆ ಇಳಿಯುತ್ತದೆ, ಅದು ಹೊರಗೆ ಹೋಗಲು ಇರುವ ದಾರಿಯೇ ಬ್ರೀದರ್ ಪೈಪು ಮತ್ತು ಪಿಸಿವಿ ವಾಲ್ವ್. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಎಲ್ಲಿ ಸೀಲ್ ದುರ್ಬಲವೋ ಅಲ್ಲಿಂದ ಆಯಿಲ್ ನೂಕಿಕೊಂಡು ಬರುತ್ತದೆ. ಪಿಸಿವಿ ಇರುವ ಪೆಟ್ರೋಲ್ ಗಾಡಿಯಲ್ಲಿ, ಗಾಡಿ ನಿಂತಲ್ಲೇ ಎಂಜಿನ್ ಸ್ಲೋ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ಒಂದು ಹಾಳೆ ಇಡಿ. ಸಾಮಾನ್ಯವಾಗಿ ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ಹೊರಕ್ಕೆ ತಳ್ಳಿದರೆ ಬ್ರೀದರ್ ಪೈಪು, ವಾಲ್ವ್ ಎರಡನ್ನೂ ಕ್ಲೀನ್ ಮಾಡಿ ಅಥವಾ ಬದಲಾಯಿಸಿ. ಆಮೇಲೂ ಆ ಬಾಯಿಯಿಂದ ಹೊಗೆ ಭುಸುಭುಸು ಅಂತ ಬರುತ್ತಿದ್ದರೆ ರಿಂಗ್ ಸವೆದಿರಬಹುದು, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಈ ಪರೀಕ್ಷೆ ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ತೊಟ್ಟಿಕ್ಕಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು. ಒಪ್ಪುವ ಮುಂಚೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆ ಮತ್ತು ಹಿಂದೆ ಇರುವ ಪ್ರೆಷರ್ ಸ್ವಿಚ್ ಒಣಗಿವೆಯಾ ಅಂತ ನಿಮ್ಮ ಕಣ್ಣಾರೆ ನೋಡಿ. ಅಲ್ಲಿಂದ ಇಳಿದ ಆಯಿಲ್ಲೂ ಇದೇ ಜಾಗಕ್ಕೆ ಬರುತ್ತದೆ. ಮೇಲೆ ಎಲ್ಲಾ ಒಣಗಿದ್ದು ಬೆಲ್ ಹೌಸಿಂಗ್ (ಎಂಜಿನ್ನಿಗೆ ಸೇರುವ ಕಡೆಯ ಗೇರ್‌ಬಾಕ್ಸ್ ಕವಚ) ಒಳಗಿನಿಂದಲೇ ಬರುತ್ತಿದ್ದರೆ ಆಗ ಸರಿ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ನೋಡಿಸಿ, ಆಯಿಲ್ ಹೀರಿಕೊಂಡಿದ್ದರೆ ಅದನ್ನೂ ಬದಲಾಯಿಸಬೇಕಾಗುತ್ತದೆ.

ರಿಪೇರಿ ಆದ ಮೇಲೆ ಮತ್ತೊಮ್ಮೆ ಒರೆಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ರಾತ್ರಿ ಹೊಸ ರಟ್ಟು ಹಾಸಿ. ಎರಡು ಕಡೆ ಸೋರಿಕೆ ಇದ್ದರೆ ಮೇಲಿನದ್ದು ನಿಂತ ಮೇಲಷ್ಟೇ ಕೆಳಗಿನದ್ದು ಕಾಣುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಕಡೆ ಸರಿ ಮಾಡಿ, ನೋಡಿ, ಆಮೇಲೆ ಮುಂದಿನದ್ದಕ್ಕೆ ಹೋಗಿ.