ಐಸ್ ರಿಂಕ್‌ನಿಂದ ಕೆ-ಪಾಪ್ ಸ್ಟೇಜಿಗೆ: ಉಸಿರಾಡೋದನ್ನೇ ಹೊಸದಾಗಿ ಕಲ್ತ ನನ್ನ ಅನುಭವ

ಕೆ-ಪಾಪ್ ಅಂದ್ರೆ ಕೊರಿಯಾದ ಪಾಪ್ ಸಂಗೀತ, ಅದ್ರಲ್ಲಿ ಹೆಸರಾದ ಎನ್‌ಹೈಪನ್ ಗ್ರೂಪಿನ ಸಂಗ್‌ಹೂನ್ ಮಾತು ಬಂದಾಗೆಲ್ಲ ನನ್ನ ಫ್ರೆಂಡ್ಸ್ ಹೇಳೋದು ಒಂದೇ, "ಅವ್ನು ಫಿಗರ್ ಸ್ಕೇಟರ್ ಆಗಿದ್ದ ಅಲ್ವಾ, ಅದಕ್ಕೇ ಡಾನ್ಸ್ ಅಷ್ಟು ಸಲೀಸು" ಅಂತ. ನಾನು ಒಪ್ಪಲ್ಲ. ಸ್ಕೇಟಿಂಗ್ ಕಲ್ತ ಮೈ ಕೆ-ಪಾಪ್‌ಗೆ ಬಂದ್ರೆ ಅರ್ಧ ಕೆಲಸ ಮುಗಿದಂಗೆ ಅಂತ ಹೊರಗಿನವರಿಗೆ ಅನ್ನಿಸತ್ತೆ, ಆದ್ರೆ ಅಲ್ಲಿಂದ ಇಲ್ಲಿಗೆ ಬಂದವರಿಗೆ ಮಾತ್ರ ಗೊತ್ತು, ಎಷ್ಟೊಂದು ಬಿಡಬೇಕು, ಎಷ್ಟೊಂದು ಮೊದಲಿಂದ ಕಲೀಬೇಕು ಅನ್ನೋದು. ಅದ್ರಲ್ಲೂ ಉಸಿರು. ಅದೇ ಮುಖ್ಯ, ಅದ್ರ ಬಗ್ಗೆ ಜಾಸ್ತಿ ಬರೀತೀನಿ.

ನಂದು ಬೆಂಗಳೂರು. ಸ್ಕೂಲಲ್ಲಿದ್ದಾಗ ರೋಲರ್ ಆರ್ಟಿಸ್ಟಿಕ್ ಸ್ಕೇಟಿಂಗ್ ಮಾಡ್ತಿದ್ದೆ, ನಮ್ಮ ರಿಂಕಲ್ಲಿ ಬಹುತೇಕ ಮಕ್ಕಳು ಸ್ಪೀಡ್ ಸ್ಕೇಟಿಂಗ್‌ಗೆ ಹೋಗೋರು, ಆರ್ಟಿಸ್ಟಿಕ್ ಮಾಡೋರು ಬೆರಳೆಣಿಕೆಯಷ್ಟು, ಸ್ಟೇಟ್ ಲೆವೆಲ್ ಕಾಂಪಿಟಿಷನ್‌ಗೂ ಹೋಗಿದ್ದೆ. ಕೆಲಸದ ಮೇಲೆ ಕೊರಿಯಾದ ಸುವೊನ್‌ಗೆ ಬಂದ್ಮೇಲೆ ಐಸ್ ಮೇಲೆ ಕಾಲಿಟ್ಟೆ, ದೊಡ್ಡವರಿಗೆ ಅಂತಲೇ ನಡೆಯೋ ಅಮೆಚೂರ್ ಕಾಂಪಿಟಿಷನ್‌ಗಳಲ್ಲಿ ಭಾಗವಹಿಸಿದೆ. ಆಮೇಲೆ ಸಿಯೋಲ್‌ನ ಹೊಂಗ್‌ದೇ ಕಡೆ ವೋಕಲ್ ಕ್ಲಾಸು, ಡಾನ್ಸ್ ಕ್ಲಾಸು ಸೇರಿ ಈಗ ನಾವೊಂದು ಗ್ರೂಪ್ ಕಟ್ಕೊಂಡು ಹಾಡ್ತಾ ಕುಣೀತೀವಿ, ಬಸ್ಕಿಂಗ್, ಅಂದ್ರೆ ಬೀದೀಲಿ ಶೋ ಮಾಡ್ತೀವಿ, ಚಿಕ್ಕ ಪುಟ್ಟ ಸ್ಟೇಜುಗಳೂ ಸಿಗ್ತವೆ. ಆಫೀಸ್ ಕೆಲಸ ಬಿಟ್ಟಿಲ್ಲ.

ಸಂಗ್‌ಹೂನ್ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. 2002ರ ಡಿಸೆಂಬರಲ್ಲಿ ಹುಟ್ಟಿದ್ದು, ಚಿಕ್ಕ ವಯಸ್ಸಲ್ಲೇ ಸ್ಕೇಟಿಂಗ್ ಶುರು, ಸುಮಾರು ಹತ್ತು ವರ್ಷ ಸ್ಕೇಟರ್, ದೇಶದೊಳಗೂ ಹೊರಗೂ ಕಾಂಪಿಟಿಷನ್ ಆಡಿದವನು. ಸ್ಕೇಟಿಂಗ್ ಬಿಡದೇನೇ ಬಿಗ್ ಹಿಟ್ ಅನ್ನೋ ಮ್ಯೂಸಿಕ್ ಕಂಪನೀಲಿ ಟ್ರೈನಿ (ಡೆಬ್ಯೂಗೆ ಮುಂಚೆ ತರಬೇತಿ ಪಡೆಯೋನು) ಆಗಿದ್ದ, ಅಂದ್ರೆ ಎರಡೂ ಒಟ್ಟಿಗೆ. ಇದನ್ನ ಬಹಳ ಜನ ಲಘುವಾಗಿ ತಗೋತಾರೆ. ಇಲ್ಲಿ ಸ್ಕೇಟರ್‌ಗಳಿಗೆ ಐಸ್ ಸಿಗೋದು ಸಾರ್ವಜನಿಕರಿಗೆ ರಿಂಕ್ ತೆರೆಯೋ ಮುಂಚೆ, ಇಲ್ಲಾ ಮುಚ್ಚಿದ ಮೇಲೆ, ಬೆಳಗಿನ ಜಾವ ಅಥವಾ ರಾತ್ರಿ ಹೊತ್ತಲ್ಲಿ. ಅದ್ರ ಮಧ್ಯೆ ಸ್ಕೂಲು, ಅದಾದ್ಮೇಲೆ ಡಾನ್ಸ್ ವೋಕಲ್ ಪ್ರಾಕ್ಟೀಸು, ಟ್ರೈನಿಗಳಿಗೆ ತಿಂಗಳ ಕೊನೆಗೆ ಪರೀಕ್ಷೆ ಬೇರೆ. 2020ರ ಜೂನಲ್ಲಿ ಎಂನೆಟ್ ಚಾನೆಲಲ್ಲಿ ಐ-ಲ್ಯಾಂಡ್ ಅನ್ನೋ ಸ್ಪರ್ಧೆಯ ಶೋ ಶುರುವಾಯ್ತು, 23 ಹುಡುಗರಲ್ಲಿ ಕೊನೆಗೆ ಉಳಿದವರು 7 ಜನ, ಅದ್ರಲ್ಲಿ ಇವ್ನೂ ಒಬ್ಬ, ಅದೇ ವರ್ಷ ನವೆಂಬರ್ 30ಕ್ಕೆ ಎನ್‌ಹೈಪನ್ ಡೆಬ್ಯೂ. ಆಮೇಲೆ ಮ್ಯೂಸಿಕ್ ಬ್ಯಾಂಕ್ ಅನ್ನೋ ಟಿವಿ ಶೋಗೆ ಗಾಯಕಿ ಜಾಂಗ್ ವೊನ್‌ಯಂಗ್ ಜೊತೆ ಎಂಸಿ (ನಿರೂಪಕ) ಕೂಡ ಆದ. ಫ್ಯಾನ್ಸ್ ಐಸ್ ಪ್ರಿನ್ಸ್ ಅಂತಾರೆ, ಚೆನ್ನಾಗೇ ಇದೆ ಹೆಸರು, ಆದ್ರೆ ಆ ಹೆಸರಲ್ಲಿ ಅವ್ನು ಐಸ್ ಬಿಟ್ಟು ಬಂದ್ಮೇಲೆ ಮಾಡಿದ ಕೆಲಸ ಕಾಣಲ್ಲ.

ಸರಿ, ಈಗ ಉಸಿರಿನ ವಿಷಯ.

ಸ್ಕೇಟಿಂಗಲ್ಲಿ ಜಂಪ್‌ಗೆ ಹೋಗುವಾಗ ನಾವು ಉಸಿರು ಕಟ್ತೀವಿ. ಯಾರೂ ಕಟ್ಟು ಅಂತ ಹೇಳ್ಕೊಟ್ಟಿರಲ್ಲ, ಮೈ ತಾನಾಗೇ ಮಾಡತ್ತೆ, ಹೊಟ್ಟೆ ಬಿಗಿ ಹಿಡಿದು, ಕೈ ಎದೆಗೆ ಎಳ್ಕೊಂಡು, ಒಂದು ಸೆಕೆಂಡಿಗಿಂತ ಕಮ್ಮಿ ಹೊತ್ತು ಗಾಳೀಲಿ ತಿರುಗಿ ಬ್ಲೇಡಿನ ಹೊರಗಿನ ಎಡ್ಜ್ (ಅಂಚು) ಮೇಲೆ ಇಳಿಯೋವಾಗ ಉಸಿರು ಹೊರಗೆ ಬರತ್ತೆ. ಸೀನಿಯರ್ ಕಾಂಪಿಟಿಷನ್‌ನ ಮೊದಲ ಸುತ್ತು ಶಾರ್ಟ್ ಪ್ರೋಗ್ರಾಂ 2 ನಿಮಿಷ 40 ಸೆಕೆಂಡು, ಎರಡನೇ ಸುತ್ತು ಫ್ರೀ 4 ನಿಮಿಷ, ಅಷ್ಟು ಹೊತ್ತೂ ಎದೆ ಬಡ್ಕೊಳ್ತಿರತ್ತೆ, ಮುಖದ ಮೇಲೆ ಮಾತ್ರ ಅದು ತೋರಬಾರದು. ಬಾಯಿ ತೆರೆಯೋ ಅಗತ್ಯವೇ ಇಲ್ಲ, ಹಾಗಾಗಿ ಉಸಿರು ಒಳಗೆ ಎಷ್ಟೇ ಅಡ್ಡಾದಿಡ್ಡಿ ಇದ್ರೂ ಜಡ್ಜ್‌ಗಳಿಗೆ ಗೊತ್ತಾಗಲ್ಲ. ಹಾಡುವಾಗ ಎಲ್ಲ ಮೈಕಲ್ಲಿ ಕೇಳತ್ತೆ!

ವೋಕಲ್ ಟೀಚರ್ ಮೊದಲ ಕ್ಲಾಸಲ್ಲಿ ನನ್ನ ಹೊಟ್ಟೆ ಮೇಲೆ ಕೈ ಇಟ್ಕೊಂಡು ಉಸಿರಾಡು ಅಂದ್ರು. ಹೊಟ್ಟೆ ಅಲ್ಲಾಡ್ಲೇ ಇಲ್ಲ. ವರ್ಷಗಟ್ಟಲೆ ಹೊಟ್ಟೆ ಒಳಗೆಳ್ಕೊಂಡು, ಭುಜ ಕೆಳಗಿಳಿಸಿ, ಎದೆ ಎತ್ತಿ ನಿಂತು ನಿಂತು ಮೈಗೆ ಅದೇ ರೂಢಿಯಾಗಿತ್ತು, ಉಸಿರು ಎದೆಯ ಮೇಲ್ಭಾಗಕ್ಕೆ ಹೋಗಿ ಬರೋದು ಅಷ್ಟೇ. ಅವರು ನೆಲದ ಮೇಲೆ ಅಂಗಾತ ಮಲಗಿಸಿದ್ರು, ಮಂಡಿ ಮಡಚಿ, ಹೊಟ್ಟೆ ಮೇಲೆ ಒಂದು ದಪ್ಪ ಪುಸ್ತಕ ಇಟ್ರು, ಉಸಿರು ತಗೊಂಡಾಗ ಪುಸ್ತಕ ಮೇಲೇರಬೇಕು, ಬಿಡುವಾಗ ಹಲ್ಲಿನ ಸಂದಿಯಿಂದ "ಸ್ಸ್ಸ್" ಅಂತ ಒಂದೇ ಸಮನಾಗಿ ಬಿಡಬೇಕು, ಪುಸ್ತಕ ದಡ್ ಅಂತ ಇಳೀಬಾರದು. ಅದು ಬಂದ್ಮೇಲೆ ನಿಂತ್ಕೊಂಡು, ಅದಾದ್ಮೇಲೆ ನಡೀತಾ, ಆಮೇಲೆ ಟ್ರೆಡ್‌ಮಿಲ್ ಮೇಲೆ ಓಡ್ತಾ ಹಾಡೋದು. ಟ್ರೆಡ್‌ಮಿಲ್ ಮೇಲೆ ಹಾಡೋದನ್ನ ಇಲ್ಲಿ ಟ್ರೈನಿಗಳು ನಿಜಕ್ಕೂ ಮಾಡ್ತಾರೆ, ಸುಮ್ನೆ ವಿಡಿಯೋಗೆ ಅಂತ ಅಲ್ಲ. ಓಡುವಾಗ ಕಾಲಿನ ಹೆಜ್ಜೆ ಬಿದ್ದಾಗೆಲ್ಲ ದನಿ ನಡುಗತ್ತೆ, ಆ ನಡುಕ ಹೋಗ್ಬೇಕಂದ್ರೆ ಹೊಟ್ಟೆ ಬಿಗಿಯಾಗೂ ಇರ್ಬೇಕು, ಬಿಟ್ಟೂ ಇರ್ಬೇಕು. ಸ್ಕೇಟರ್‌ಗೆ ಬಿಗಿ ಗೊತ್ತು, ಬಿಡೋದು ಗೊತ್ತಿಲ್ಲ, ಅಲ್ಲೇ ನನಗೆ ತಿಂಗಳುಗಳು ಹಿಡಿದ್ವು.

ಆಮೇಲೆ ಹಾಡಿನ ಪ್ರತಿ ಸಾಲಲ್ಲೂ ಎಲ್ಲಿ ಉಸಿರು ತಗೋಬೇಕು ಅಂತ ಪೆನ್ಸಿಲಲ್ಲಿ ಗುರುತು ಹಾಕೋದು ಕಲ್ತೆ, ಆ ಗುರುತು ಡಾನ್ಸ್ ಸ್ಟೆಪ್ಪಿನ ಜೊತೆ ಕೂಡಬೇಕು. ತೋಳು ಮೇಲೆತ್ತೋ ಸ್ಟೆಪ್ ಇದ್ರೆ ಅಲ್ಲಿ ಪಕ್ಕೆಲುಬು ತಾನಾಗೇ ಅಗಲ ಆಗತ್ತೆ, ಉಸಿರು ತಗೋಳಕ್ಕೆ ಅದೇ ಒಳ್ಳೆ ಜಾಗ. ಬಗ್ಗೋ ಸ್ಟೆಪ್ಪಲ್ಲಿ ತಗೊಂಡ್ರೆ ಅರ್ಧ ಉಸಿರೇ ಸಿಗೋದು. ಗ್ರೂಪಲ್ಲಿ ಸಾಲುಗಳನ್ನ ಹಂಚ್ಕೊಂಡಿರ್ತೀವಿ, ಹಾಗಾಗಿ ನನ್ನ ಸಾಲು ಬರೋ ಮುಂಚಿನ ಒಂದು ಎಂಟರ ಎಣಿಕೆ ಇದ್ಯಲ್ಲ, ಅಲ್ಲಿ ಸ್ಟೆಪ್ ಪೂರ್ತಿ ಮಾಡ್ತಾನೇ ಉಸಿರು ಮಾತ್ರ ಸಮ ಮಾಡ್ಕೋತೀನಿ. ನೋಡೋರಿಗೆ ಇದು ಯಾವತ್ತೂ ಕಾಣಲ್ಲ. ದೊಡ್ಡ ಗ್ರೂಪುಗಳಿಗೂ ಇದೇ ಲೆಕ್ಕ, ಹಿಂದೆ ಎಂಆರ್ (ಬರೀ ವಾದ್ಯದ ಟ್ರ್ಯಾಕ್) ಒಂದೇ ಬರ್ತಿದ್ಯಾ ಅಥವಾ ದನಿ ಸೇರಿಸಿದ ಎಆರ್ ಇದ್ಯಾ ಅನ್ನೋದ್ರ ಮೇಲೆ ಎಷ್ಟು ಭಾರ ಗಂಟಲ ಮೇಲೆ ಬೀಳತ್ತೆ ಅನ್ನೋದು ಬದಲಾಗತ್ತೆ ಅಷ್ಟೇ.

ನಮ್ಮ ಕಡೆ ಹುಟ್ಟಿದವರಿಗೆ ಇಲ್ಲೊಂದು ಅನುಕೂಲ ಇದೆ. ಚಿಕ್ಕೋಳಿದ್ದಾಗ ಅಮ್ಮ ಸಂಗೀತ ಕ್ಲಾಸಿಗೆ ಹಾಕಿದ್ರು, ಸರಳೆ ವರಸೆ ಮೂರು ಕಾಲದಲ್ಲಿ ಹಾಡಿದ್ದು, ಅಕಾರ ಎಳೆದಿದ್ದು, ಅದೆಲ್ಲ ಶ್ರುತಿ ಹಿಡಿಯೋಕೆ ಇಲ್ಲಿ ಸಹಾಯಕ್ಕೆ ಬಂತು. ಆದ್ರೆ ಸ್ವರವನ್ನ ಆಡಿಸೋ ಅಭ್ಯಾಸ ಬಿಡ್ಬೇಕಾಯ್ತು, ಇಲ್ಲಿ ಸ್ವರ ನೇರವಾಗಿ ನಿಲ್ಲಬೇಕು, ಕೊನೇಲಿ ಮಾತ್ರ ಒಂಚೂರು ವೈಬ್ರಾಟೋ, ಅಂದ್ರೆ ದನಿಯ ಸಣ್ಣ ಕಂಪನ. ಉಚ್ಚಾರಣೆ ವಿಷಯಕ್ಕೆ ಬಂದ್ರೆ, ಕೊರಿಯನ್‌ನಲ್ಲಿ ಕಕಾರದಂಥ ಸದ್ದು ಮೂರು ಥರ ಇವೆ, ಅದ್ರಲ್ಲಿ ಬೇರೆ ದೇಶದವರು ಒದ್ದಾಡೋ ಬಿಗಿ ಸದ್ದು ನಮ್ಮ ಕನ್ನಡದ 'ಕ'ಗೆ ಎಷ್ಟು ಹತ್ತಿರ ಅಂದ್ರೆ ಟೀಚರ್ ಅದನ್ನ ನನಗೆ ಹೇಳ್ಕೊಡೋದೇ ಬೇಕಾಗ್ಲಿಲ್ಲ. ಪದದ ಕೊನೆಯ ವ್ಯಂಜನ ಮಾತ್ರ ಕಷ್ಟ, ಅದನ್ನ ಅಲ್ಲೇ ಮುಚ್ಚಿಬಿಡಬೇಕು, ನಮ್ಮ ಬಾಯಿ ಅದಕ್ಕೊಂದು 'ಉ' ಸೇರಿಸಿಬಿಡತ್ತೆ.

ಡಾನ್ಸ್ ಬಗ್ಗೆ. ಐಸ್ ಮೇಲೆ ಒಂದು ಚಲನೆ ಶುರು ಮಾಡಿದ್ರೆ ಸಾಕು, ಗ್ಲೈಡ್ ಅದನ್ನ ಮುಗಿಸಿಕೊಡತ್ತೆ, ಸುಮಾರು 4 ಮಿಲಿಮೀಟರ್ ದಪ್ಪದ ಬ್ಲೇಡು, ಅದ್ರ ಒಳಗಿನ ಎಡ್ಜ್ ಹೊರಗಿನ ಎಡ್ಜ್, ಯಾವ ಕಡೆ ವಾಲಿದ್ರೂ ಮೈ ತಾನಾಗೇ ವಕ್ರವಾಗಿ ಜಾರ್ಕೊಂಡು ಹೋಗತ್ತೆ. ಮರದ ನೆಲ ಹಾಗಲ್ಲ, ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಾವೇ ನಿಲ್ಲಿಸ್ಬೇಕು. ಮೈ ಎಲ್ಲ ಯಾವಾಗ್ಲೂ ಮೇಲಕ್ಕೆ ಎತ್ತಿ ಹಿಡಿಯೋ ಸ್ಕೇಟರ್‌ಗೆ ಕೆಳಕ್ಕೆ ಭಾರ ಬಿಡೋ ಗ್ರೂವ್ ಬರೋದು ತಡ, ನನ್ನ ಡಾನ್ಸ್ ಟೀಚರ್ ಕ್ಲಾಸಿನ ಮೊದಲ ಅರ್ಧ ಬರೀ ಮಂಡಿ ಬೌನ್ಸ್ ಮಾಡಿಸ್ತಿದ್ರು, ಎದೆ ಒಂದೇ ಅಲ್ಲಾಡಿಸು, ಕತ್ತು ಒಂದೇ ಅಲ್ಲಾಡಿಸು ಅಂತ. ಇನ್ನೊಂದು, ಪಾದ. ಸ್ಕೇಟಿಂಗ್ ಬೂಟು ಗಟ್ಟಿ ಇರತ್ತೆ, ಕಾಲಿನ ಗಿಣ್ಣನ್ನ ಅದು ಹಿಡ್ಕೊಂಡಿರತ್ತೆ, ಸ್ನೀಕರ್ ಹಾಕ್ಕೊಂಡಾಗ ಅದೇ ಗಿಣ್ಣು ಒಬ್ಬಂಟಿ ಆಗತ್ತೆ. ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ ಮಾಡದೇ ಯಾವ ಸ್ಕೇಟರ್ರೂ ಕೆ-ಪಾಪ್ ಕೊರಿಯೋಗ್ರಫಿಗೆ ಇಳೀಬಾರದು ಅಂತ ಗಟ್ಟಿಯಾಗಿ ಹೇಳ್ತೀನಿ, ಮೊಣಕಾಲ ಕೆಳಗಿನ ಮೂಳೆ ನೋವು ಶುರುವಾದ್ರೆ ಬೇಗ ಹೋಗಲ್ಲ.

ತಿರುಗೋದು ಕೂಡ ಬೇರೆ. ಡಾನ್ಸರ್‌ಗಳು ತಿರುಗುವಾಗ ಕಣ್ಣನ್ನ ಒಂದು ಜಾಗದಲ್ಲಿ ನೆಟ್ಟು ತಲೆಯನ್ನ ಕೊನೇಲಿ ಥಟ್ ಅಂತ ತಿರುಗಿಸ್ತಾರೆ, ಸ್ಕೇಟರ್‌ಗಳು ಹಾಗೆ ಮಾಡಲ್ಲ, ಸ್ಪಿನ್ ಅಷ್ಟು ಜೋರಾಗಿರುವಾಗ ಮಾಡೋಕೂ ಆಗಲ್ಲ, ನಮ್ಮ ತಲೆ ಮೈ ಜೊತೇನೇ ತಿರುಗತ್ತೆ, ತಲೆ ಸುತ್ತೋದನ್ನ ಮೆದುಳು ನಿಧಾನಕ್ಕೆ ಸಹಿಸೋದು ಕಲೀತದೆ. ಹಾಗಾಗಿ ಗ್ರೂಪಲ್ಲಿ ಎಲ್ಲರೂ ಒಟ್ಟಿಗೆ ತಿರುಗಿದಾಗ ನನ್ನ ಮುಖ ಮಾತ್ರ ಮುಂದಕ್ಕೆ ಬರೋದು ಒಂದು ಕ್ಷಣ ತಡ. ಕಲ್ಗುನ್ಮು ಅಂತಾರಲ್ಲ, ಕತ್ತಿಯಿಂದ ಕತ್ತರಿಸಿದ ಹಾಗೆ ಎಲ್ಲರೂ ಒಂದೇ ಸಮ, ಅದ್ರಲ್ಲಿ ಆ ಒಂದು ಕ್ಷಣ ಎದ್ದು ಕಾಣತ್ತೆ. ಕನ್ನಡಿ ಮುಂದೆ ಸ್ಪಾಟಿಂಗ್ ಕಲ್ತೆ.

ಇಷ್ಟೆಲ್ಲ ಬಿಡ್ಬೇಕಾದ್ದು ಹೇಳಿದೆ, ಈಗ ಸ್ಕೇಟಿಂಗ್ ಕೊಟ್ಟಿದ್ದು. ಅದು ಜಂಪ್ ಅಲ್ಲ, ಸ್ಪಿನ್ ಅಲ್ಲ, ಬೆನ್ನ ಹಿಂದೆ ಯಾರಿದ್ದಾರೆ ಅನ್ನೋ ಅರಿವು. ರಿಂಕ್ 60 ಮೀಟರ್ ಉದ್ದ 30 ಮೀಟರ್ ಅಗಲ ಇದ್ರೂ ಪ್ರಾಕ್ಟೀಸ್ ಸೆಷನಲ್ಲಿ ಒಟ್ಟಿಗೆ ಎಷ್ಟೊಂದು ಜನ ಇರ್ತಾರೆ, ಯಾರ ಮ್ಯೂಸಿಕ್ ಹಾಕಿದ್ದಾರೋ ಅವರಿಗೆ ಉಳಿದೋರು ದಾರಿ ಬಿಡಬೇಕು ಅನ್ನೋದು ನಿಯಮ, ಹಿಮ್ಮುಖವಾಗಿ ಜೋರಾಗಿ ಹೋಗ್ತಿದ್ರೂ ಯಾರು ಎಲ್ಲಿದ್ದಾರೆ ಅಂತ ಗೊತ್ತಿರ್ಬೇಕು. ಫಾರ್ಮೇಷನ್ ಕಲಿಯುವಾಗ ಇದು ಎಷ್ಟು ಕೆಲಸಕ್ಕೆ ಬಂತು ಅಂದ್ರೆ, ಬೇರೆಯವರು ನೆಲದ ಟೇಪ್ ಗುರುತು ನೋಡ್ಕೊಂಡು ನಡೀತಿದ್ದಾಗ ನಾನು ನೋಡದೇ ಜಾಗಕ್ಕೆ ಹೋಗಿ ನಿಲ್ತಿದ್ದೆ. ಎರಡನೇದು, ಬಿದ್ರೆ ಎದ್ದು ಮುಂದುವರಿಸೋದು. ಪ್ರೋಗ್ರಾಂ ಮಧ್ಯೆ ಬಿದ್ರೆ ಮ್ಯೂಸಿಕ್ ನಿಲ್ಲಲ್ಲ, ಒಂದು ಪಾಯಿಂಟ್ ಕಟ್, ಮುಂದಿನ ಎಲಿಮೆಂಟ್ (ಜಂಪೋ ಸ್ಪಿನ್ನೋ) ಬಂದೇಬಿಟ್ಟಿರತ್ತೆ. ಸ್ಟೇಜ್ ಮೇಲೆ ಇಯರ್‌ಪೀಸ್ ಕೈಕೊಟ್ರೂ ನನ್ನ ಮುಖ ಬದಲಾಗದೇ ಇರೋದು ಇದರಿಂದಾನೇ.

ಮೂರನೇದು, ಕೊನೆಯ ಪೋಸ್. ಸ್ಕೇಟಿಂಗಲ್ಲಿ ಕೊನೆಯ ಪೋಸ್ ದೂರದಲ್ಲಿ ಕೂತಿರೋ ಜಡ್ಜ್‌ಗಳಿಗೆ, ಗ್ಯಾಲರಿಗೆ, ಬೆನ್ನಿನ ಗೆರೆ ಬೆರಳ ತುದಿವರೆಗೂ ಕಾಣ್ಬೇಕು. ಕೆ-ಪಾಪ್ ಮ್ಯೂಸಿಕ್ ಶೋಗಳಲ್ಲಿ ಎಂಡಿಂಗ್ ಫೇರಿ ಅಂತ ಇದೆ, ಹಾಡು ಮುಗಿದ ತಕ್ಷಣ ಕ್ಯಾಮೆರಾ ಒಬ್ಬರ ಮುಖದ ಹತ್ತಿರ ಬಂದು ನಿಲ್ಲತ್ತೆ, ಏದುಸಿರು, ಬೆವರು, ಕಣ್ಣು, ಎಲ್ಲ ಅದ್ರಲ್ಲಿ ಬರ್ಬೇಕು. ಸ್ಕೇಟರ್ ಮುಚ್ಚಿಟ್ಟ ಉಸಿರನ್ನೇ ಇಲ್ಲಿ ಜನ ನೋಡೋಕೆ ಕಾಯ್ತಾರೆ. ಸಂಗ್‌ಹೂನ್‌ನ ಹಳೇ ಸ್ಕೇಟಿಂಗ್ ವಿಡಿಯೋ ಒಂದು, ಈಗಿನ ಸ್ಟೇಜ್ ವಿಡಿಯೋ ಒಂದು ಪಕ್ಕಪಕ್ಕ ಇಟ್ಟು ಕೊನೆಯ ಐದು ಸೆಕೆಂಡ್ ನೋಡಿ, ಅವ್ನು ಕತ್ತು ಭುಜದಲ್ಲಿ ಸ್ಕೇಟರ್ ಆಗಿಯೇ ಉಳಿದು ಮುಖದಲ್ಲಿ ಮಾತ್ರ ಬಿಟ್ಟುಕೊಟ್ಟಿದ್ದಾನೆ. ನನಗೆ ಅವ್ನು ಇಷ್ಟ ಆಗೋದು ಇದಕ್ಕೇ.

ಐಸ್ ಮೇಲೂ ಹಾಡು ಹತ್ತಿರ ಬಂದಿದೆ ಅನ್ನಿ. 2014-15ರ ಸೀಸನ್ ಶುರುವಾಗೋ ತನಕ ಐಸ್ ಡಾನ್ಸ್ ಬಿಟ್ಟು ಉಳಿದ ವಿಭಾಗಗಳಲ್ಲಿ ಸಾಹಿತ್ಯ ಇರೋ ಹಾಡು ಬಳಸೋ ಹಾಗಿರಲಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸಲ್ಲಿ ಕೊರಿಯಾದ ಸ್ಕೇಟರ್ ಕಿಮ್ ಯುನಾ 228.56 ಪಾಯಿಂಟ್ ತಗೊಂಡು ಚಿನ್ನ ಗೆದ್ದಿದ್ದು ಬರೀ ವಾದ್ಯ ಸಂಗೀತಕ್ಕೆ. ಅವ್ರನ್ನ ನೋಡಿ ಸ್ಕೇಟ್ ಕಟ್ಟಿದ ಪೀಳಿಗೆ ಮಾತು ಇರೋ ಹಾಡಿಗೆ ಸ್ಕೇಟ್ ಮಾಡ್ಕೊಂಡು ಬೆಳೀತು. ನಾನೂ ನನ್ನ ಪ್ರೋಗ್ರಾಂಗೆ ಹಾಡುಗಾರಿಕೆ ಇರೋ ಟ್ರ್ಯಾಕೇ ಆರಿಸ್ತಿದ್ದೆ, ಹಾಡುವವರು ಎಲ್ಲಿ ಉಸಿರು ತಗೋತಾರೆ ಅಂತ ಕೇಳ್ತಾ ಕೇಳ್ತಾ ಕಿವಿ ತಯಾರಾಗಿತ್ತು.

ಬೆಂಗಳೂರು ಮೈಸೂರಿನ ರೋಲರ್ ರಿಂಕುಗಳಲ್ಲಿ ಆರ್ಟಿಸ್ಟಿಕ್ ಮಾಡ್ತಿರೋ, ರಾತ್ರಿ ಫೋನಲ್ಲಿ ಕೆ-ಪಾಪ್ ನೋಡೋ ಹುಡುಗ ಹುಡುಗೀರು ನನಗೆ ಮೆಸೇಜ್ ಮಾಡಿ ಎಲ್ಲಿಂದ ಶುರು ಮಾಡೋದಕ್ಕ ಅಂತ ಕೇಳ್ತಾರೆ. ಮೊದಲು ಉಸಿರು, ಆ ಪುಸ್ತಕದ ವ್ಯಾಯಾಮ, ದಿನಾ. ಆಮೇಲೆ ಗಿಣ್ಣು, ಆಮೇಲೆ ಮಂಡಿ ಬೌನ್ಸು. ಕೊರಿಯನ್ ಲಿಪಿ ಹಂಗುಲ್‌ನ ಅಕ್ಷರ ಕಲೀರಿ, ರೋಮನ್ ಲಿಪೀಲಿ ಬರ್ಕೊಂಡು ಹಾಡಿದ್ರೆ ಉಚ್ಚಾರಣೆ ಕೊನೇವರೆಗೂ ಸರಿ ಹೋಗಲ್ಲ. ದೆಹಲಿಯ ಕೊರಿಯನ್ ಕಲ್ಚರಲ್ ಸೆಂಟರ್ ನಡೆಸೋ ಕೆ-ಪಾಪ್ ಇಂಡಿಯಾ ಕಾಂಟೆಸ್ಟಲ್ಲಿ ವೋಕಲ್ ಬೇರೆ, ಡಾನ್ಸ್ ಬೇರೆ ವಿಭಾಗ ಇವೆ, ಸ್ಕೇಟಿಂಗ್‌ನಿಂದ ಬಂದವರೆಲ್ಲ ಕಣ್ಮುಚ್ಚಿ ಡಾನ್ಸ್‌ಗೆ ಹೆಸರು ಕೊಡ್ತಾರೆ, ನೀವು ವೋಕಲ್‌ಗೆ ಕೊಡಿ. ಮೈ ಹೇಗೂ ತಯಾರಿದೆ, ಗಂಟಲನ್ನ ಸ್ಟೇಜ್ ಮೇಲೆ ಹತ್ತಿಸಿ, ಆಡಿಷನ್ ವಿಡಿಯೋ ಮಾಡುವಾಗ ನಿಂತು ಹಾಡಿದ್ದು ಒಂದು, ಕುಣೀತಾ ಹಾಡಿದ್ದು ಒಂದು, ಎರಡನ್ನೂ ಯಾವ ಎಫೆಕ್ಟೂ ಇಲ್ಲದೇ ಫೋನಲ್ಲೇ ರೆಕಾರ್ಡ್ ಮಾಡಿ ನೀವೇ ಕೇಳಿ, ಯಾವ ಸಾಲಲ್ಲಿ ಉಸಿರು ಸಾಲ್ದೇ ಹೋಯ್ತು ಅಂತ ಅದೇ ಹೇಳತ್ತೆ, ಮಾರನೇ ದಿನ ಆ ಸಾಲಿಂದಲೇ ಪ್ರಾಕ್ಟೀಸ್ ಶುರು ಮಾಡಿ.