ದಾಳಕ್ಕೆ ಪ್ರಶ್ನೆ ಕೇಳಿ: ಒಬ್ಬರೇ ಕೂತು ಆಡುವ ರೋಲ್‌ಪ್ಲೇಯಿಂಗ್ ಗೇಮ್

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಕಥೆ ಕಟ್ಟುತ್ತಾ ಆಡುವ ಆಟ. ಅವರಲ್ಲಿ ಒಬ್ಬರು ಗೇಮ್ ಮಾಸ್ಟರ್. ಬಾಗಿಲಿನಾಚೆ ಏನಿದೆ, ಕಾವಲುಗಾರ ಲಂಚಕ್ಕೆ ಬಗ್ಗುತ್ತಾನಾ, ಇದನ್ನೆಲ್ಲ ಹೇಳುವವರು ಅವರೇ. ಆಟ ಚೆನ್ನಾಗಿಯೇ ಇದೆ. ಆದರೆ ಆ ನಾಲ್ಕೈದು ಜನಕ್ಕೂ ಒಂದೇ ಸಂಜೆ ಬಿಡುವಾಗಬೇಕಲ್ಲ!

ಅದಕ್ಕೇ ಒಬ್ಬರೇ ಆಡುವ ದಾರಿ. ಇದು ಹೊಸದೇನಲ್ಲ. ಇಂಥ ಆಟಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟಿದ್ದು 1974ರಲ್ಲಿ. ಮರುವರ್ಷವೇ ಅದನ್ನು ಹೊರತಂದ ಕಂಪನಿಯ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, ದಾಳ ಹಾಕಿ ನೆಲಮಾಳಿಗೆಯ ಕೋಣೆ, ಓಣಿಗಳನ್ನು ಒಬ್ಬರೇ ಕಟ್ಟಿಕೊಂಡು ಆಡುವ ಪಟ್ಟಿಗಳು ಅಚ್ಚಾದವು. 1976ರಲ್ಲಿ ಟನಲ್ಸ್ ಅಂಡ್ ಟ್ರೋಲ್ಸ್ ಆಟಕ್ಕೆ ಒಂಟಿ ಆಟಗಾರರಿಗೆಂದೇ ಬರೆದ ಸಾಹಸವೂ ಬಂತು. ಆಟ ಹುಟ್ಟಿದಾಗಿನಿಂದಲೂ ಒಬ್ಬರೇ ಆಡುವವರು ಇದ್ದೇ ಇದ್ದಾರೆ.

'ಒಬ್ಬರೇ ಕೂತು ಆಡೋದಾದ್ರೆ ಅದು ಸುಮ್ನೆ ಕಥೆ ಬರೆದ ಹಾಗೆ ಅಲ್ವಾ?' ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಥೆ ಬರೆಯುವಾಗ ಮುಂದೇನು ಅಂತ ತೀರ್ಮಾನಿಸುವವರು ನೀವೇ. ಇಲ್ಲಿ ನೀವು ಊಹೆ ಮಾತ್ರ ಮಾಡುತ್ತೀರಿ. ದಾಳ ಹೌದು ಅನ್ನುತ್ತದೆ, ಇಲ್ಲ ಅನ್ನುತ್ತದೆ. ನಿಮ್ಮ ಊಹೆ ಸುಳ್ಳಾದ ಕ್ಷಣದಲ್ಲಿ ಆಟ ಶುರು. ಹಾಗಾಗಿ ಕಲಿಯಬೇಕಾದದ್ದು ಮುಖ್ಯವಾಗಿ ಒಂದೇ: ದಾಳಕ್ಕೆ ಪ್ರಶ್ನೆ ಕೇಳುವ ಬಗೆ. ಉಳಿದದ್ದು ಹತ್ತು ನಿಮಿಷದ ಕೆಲಸ.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಆರು ಮುಖದ ಎರಡು ದಾಳ. ದಾಳ ಇಲ್ಲದಿದ್ದರೆ ಮೊಬೈಲ್‌ನಲ್ಲಿ ದಾಳ ಉರುಳಿಸುವ ಆ್ಯಪ್ ಸಾಕು. 4, 8, 10, 12, 20 ಮುಖದ ಬಣ್ಣಬಣ್ಣದ ದಾಳಗಳ ಸೆಟ್ ಕಂಡರೆ ಆಸೆಯಾಗುವುದು ಸಹಜ. ಮೊದಲ ಸಂಜೆಗೆ ಬೇಡ.

ದಪ್ಪ ರೂಲ್‌ಬುಕ್ಕೂ ಬೇಡ. ನಾನು ಶುರು ಮಾಡಿದಾಗ ಮೊದಲು ಒಂದು ರಾಜ್ಯದ ನಕ್ಷೆ ಬರೆದೆ. ಆಮೇಲೆ ಅದರ ಹನ್ನೆರಡು ಮನೆತನಗಳು, ಅವುಗಳ ಜಗಳ, ಒಂದೊಂದಕ್ಕೂ ಲಾಂಛನ. ಎರಡು ವಾರ ಹೋಯಿತು. ದಾಳ ಒಂದು ಸಲವೂ ಉರುಳಲಿಲ್ಲ. ಆ ನಕ್ಷೆ ಈಗಲೂ ಇದೆ, ಚೆನ್ನಾಗಿಯೂ ಇದೆ. ಅದರೊಳಗೆ ಒಂದು ನರಪಿಳ್ಳೆಯೂ ಕಾಲಿಟ್ಟಿಲ್ಲ.

ಪಾತ್ರ: ಮೂರೇ ಸಾಲು

ಯಾರು, ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಹಿಂದೆ. ಜೊತೆಗೆ ಅವರನ್ನು ಇವತ್ತೇ ಮನೆಯಿಂದ ಹೊರಡಿಸುವ ಒಂದು ಕಾರಣ. ಅಷ್ಟೇ. ಬಾಲ್ಯ, ಗುಟ್ಟು, ಹಳೇ ಪ್ರೀತಿ ಎಲ್ಲ ಆಡುತ್ತಾ ಆಡುತ್ತಾ ಬರಲಿ.

ನನ್ನ ಈಗಿನ ಪಾತ್ರ ಇಳಾ, ಗಡಿಯಾರ ರಿಪೇರಿ ಮಾಡುವವಳು. ಯಂತ್ರಗಳ ವಿಷಯದಲ್ಲಿ ಚುರುಕು, ಅದಕ್ಕೆ +1. ಕತ್ತಲೆ ಅಂದರೆ ಕೈಕಾಲು ಆಡುವುದಿಲ್ಲ, ಅದಕ್ಕೆ −1. ಅವಳ ಅಜ್ಜಿಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿದೆ. ಈ ಸಲ ಬರಗಾಲ ಬಂದು ನೀರು ಇಳಿದಿದೆ, ಊರು ಮೇಲೆದ್ದಿದೆ. ನಿನ್ನೆ ರಾತ್ರಿ ಆ ಊರಿನ ಗಡಿಯಾರ ಗೋಪುರದಿಂದ ಗಂಟೆ ಕೇಳಿಸಿದೆ.

ಉತ್ತರ ಹೇಳುವ ದಾಳ

ಗೇಮ್ ಮಾಸ್ಟರ್ ಬದಲು ಉತ್ತರ ಹೇಳುವ ಈ ಏರ್ಪಾಡಿಗೆ ಆಟಗಾರರು 'ಒರಾಕಲ್' ಅನ್ನುತ್ತಾರೆ. ಹೌದು ಅಥವಾ ಇಲ್ಲ ಅನ್ನಬಹುದಾದ ಪ್ರಶ್ನೆ ಕೇಳಿ, ಒಂದು ದಾಳ ಉರುಳಿಸಿ. ನೋಟ್‌ಬುಕ್ಕಿನ ಒಳಮೈಗೆ ಈ ಆರು ಸಾಲು ಬರೆದಿಟ್ಟುಕೊಳ್ಳಿ:

1: ಇಲ್ಲ, ಸಾಲದ್ದಕ್ಕೆ ಇನ್ನೊಂದು ಕೇಡು
2: ಇಲ್ಲ
3: ಇಲ್ಲ, ಆದರೂ ಒಂದು ಸಮಾಧಾನ
4: ಹೌದು, ಆದರೆ ಒಂದು ತೊಡಕು
5: ಹೌದು
6: ಹೌದು, ನೀವು ಕೇಳಿದ್ದಕ್ಕಿಂತ ಜಾಸ್ತಿ

ಎಲ್ಲ ಪ್ರಶ್ನೆಗೂ ಅರ್ಧಕ್ಕರ್ಧ ಸಾಧ್ಯತೆ ಇರುವುದಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದೆಯಾ ಅಂದರೆ ಹೌದೇ ಇರಬೇಕು. ಹಾಗನ್ನಿಸಿದಾಗ ಎರಡು ದಾಳ ಹಾಕಿ, ದೊಡ್ಡ ಸಂಖ್ಯೆ ಇಟ್ಟುಕೊಳ್ಳಿ. ಆಗ ಹೌದು ಬರುವ ಸಾಧ್ಯತೆ 75%ಕ್ಕೆ ಏರುತ್ತದೆ. ಆಗಲಿಕ್ಕಿಲ್ಲ ಅನ್ನಿಸಿದರೆ ಎರಡು ಹಾಕಿ, ಚಿಕ್ಕದನ್ನು ಇಟ್ಟುಕೊಳ್ಳಿ. ಆಗ ಅದು 25%ಕ್ಕೆ ಇಳಿಯುತ್ತದೆ.

ಪಾತ್ರ ತಾನೇ ಏನಾದರೂ ಕಷ್ಟದ ಕೆಲಸಕ್ಕೆ ಕೈ ಹಾಕಿದಾಗ ಲೆಕ್ಕ ಬೇರೆ. ಎರಡು ದಾಳ ಕೂಡಿಸಿ, ಆ ಕೆಲಸಕ್ಕೆ ಮೇಲಿನ +1 ಅಥವಾ −1 ಹೊಂದಿದರೆ ಅದನ್ನೂ ಸೇರಿಸಿ. 10 ಅಥವಾ ಹೆಚ್ಚು ಬಂದರೆ ಕೆಲಸ ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಕಳೆದುಕೊಳ್ಳಬೇಕು. 6 ಅಥವಾ ಕಡಿಮೆ ಬಂದರೆ ಎಡವಟ್ಟು. ಅನೇಕ ಹೊಸ ಆಟಗಳು ಇದೇ ಲೆಕ್ಕ ಬಳಸುತ್ತವೆ. ಕಾರಣ ಇದೆ. ಬರೀ ಎರಡು ದಾಳದಲ್ಲಿ ಪೂರ್ತಿ ಗೆಲುವು ಬರುವುದು 36ರಲ್ಲಿ 6 ಸಲ ಮಾತ್ರ. ಅರ್ಧಂಬರ್ಧ ಗೆಲುವು 15 ಸಲ, ಎಡವಟ್ಟು 15 ಸಲ. ಎಲ್ಲ ಸಲೀಸಾಗಿ ನಡೆದರೆ ಬರೆಯಲಿಕ್ಕೆ ಏನೂ ಇರುವುದಿಲ್ಲ, ಅಲ್ವಾ?

ಒಂದು ಸಂಜೆಯ ಆಟ

ಇಳಾ ಹೊರಟಳು. ಊರಿಗೆ ಹೋಗುವ ದಾರಿ ಒಣಗಿದೆಯಾ? ನೀರು ಇಳಿದದ್ದು ಮೊನ್ನೆ ಮೊನ್ನೆ, ಆಗಲಿಕ್ಕಿಲ್ಲ. ಎರಡು ದಾಳ: 5 ಮತ್ತು 2. ಚಿಕ್ಕದು 2, ಇಲ್ಲ. ಮಂಡಿವರೆಗೆ ಕೆಸರು. ದಾಟಬೇಕಾದ್ದರಿಂದ ಎರಡು ದಾಳ ಕೂಡಿಸಿದೆ: 4 ಮತ್ತು 4, ಒಟ್ಟು 8. ದಾಟಿದಳು, ಆದರೆ ಏನೋ ಕಳೆದುಕೊಳ್ಳಬೇಕು. ಏನನ್ನು ಅಂತ ಹೇಳುವವರು ನೀವೇ. ಇಲ್ಲಿ ಪಾತ್ರಕ್ಕೆ ಕರುಣೆ ತೋರಿಸಬಾರದು. ಅವಳ ಟಾರ್ಚ್ ಕೆಸರಿಗೆ ಬಿತ್ತು ಅಂತ ಬರೆದೆ. ಕತ್ತಲೆ ಕಂಡರೆ ಹೆದರುವವಳು, ನೋಡಿ.

ಗೋಪುರದ ಬಾಗಿಲು ತೆರೆದಿದೆಯಾ? ಹೇಗೂ ಇರಬಹುದು, ಒಂದೇ ದಾಳ. 4, ಹೌದು, ಆದರೆ. ಬಾಗಿಲು ತೆರೆದಿದೆ, ಆದರೆ ಒಳಗಿನ ಚಿಲಕದಲ್ಲಿ ಹೊಸ ಬೀಗ ತೂಗುತ್ತಿದೆ. ಯಾರೋ ಒಳಗಿಂದ ಬೀಗ ಹಾಕಿಕೊಳ್ಳುತ್ತಿದ್ದರು.

ಮೇಲಿನ ಗಡಿಯಾರ ನಡೆಯುತ್ತಿದೆಯಾ? ನೀರಿನಲ್ಲಿ ಕೊಳೆತ ಯಂತ್ರ ಎಲ್ಲಿ ನಡೆಯುತ್ತದೆ! ಸುಮ್ನೆ ಔಪಚಾರಿಕತೆಗೆ ಕೇಳಿದೆ. ಎರಡು ದಾಳ, ಚಿಕ್ಕದನ್ನು ಇಟ್ಟುಕೊಳ್ಳಬೇಕು. ಬಿದ್ದದ್ದು 6 ಮತ್ತು 6. ಇಂಥ ಗರ ಬೀಳುವುದು 36ರಲ್ಲಿ ಒಂದು ಸಲ. ಹೌದು, ಕೇಳಿದ್ದಕ್ಕಿಂತ ಜಾಸ್ತಿ. ಗಡಿಯಾರ ನಡೆಯುತ್ತಿದೆ. ಸಮಯವೂ ಸರಿಯಾಗಿದೆ. ಅಂದರೆ ದಿನಾ ಯಾರೋ ಹತ್ತಿ ಬಂದು ಕೀ ಕೊಡುತ್ತಿದ್ದಾರೆ.

ಕೂತಲ್ಲೇ ಮೈ ಜುಂ ಅಂದಿತು. ನಾನು ಅಂದುಕೊಂಡಿದ್ದ ಕಥೆಯಲ್ಲಿ ಗಡಿಯಾರಕ್ಕೆ ತುಕ್ಕು ಹಿಡಿದಿತ್ತು, ಗಂಟೆ ಗಾಳಿಗೆ ಬಡಿದಿತ್ತು. ಆ ಕಥೆಯನ್ನು ದಾಳ ಕಿತ್ತುಕೊಂಡು ಬೇರೆಯದನ್ನು ಕೈಗೆ ಕೊಟ್ಟಿತು.

ಪ್ರಶ್ನೆ ಕೇಳುವ ಹದ

ಹೊಸಬರು ಎಡವುವುದು ಇಲ್ಲೇ. ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳುತ್ತಾರೆ: ಕಿಟಕಿ ಇದೆಯಾ, ಕಿಟಕಿಗೆ ಗಾಜಿದೆಯಾ, ಗಾಜು ಒಡೆದಿದೆಯಾ. ಹತ್ತು ಉತ್ತರ ಸೇರಿದರೂ ಕಥೆ ಕದಲುವುದಿಲ್ಲ. ಉತ್ತರ ಹೌದಾದರೂ ಇಲ್ಲವಾದರೂ ಏನೂ ಬದಲಾಗದ ಪ್ರಶ್ನೆಯನ್ನು ಕೇಳಲೇಬೇಡಿ. ಕಿಟಕಿ ಇದೆ ಅಂತ ಬರೆದು ಮುಂದೆ ಹೋಗಿ. ನಾನು ಒಂದು ದೃಶ್ಯಕ್ಕೆ ಮೂರೇ ಪ್ರಶ್ನೆ ಅಂತ ಕಟ್ಟು ಹಾಕಿಕೊಂಡಿದ್ದೇನೆ.

ಉತ್ತರ ಹಿಡಿಸಲಿಲ್ಲ ಅಂತ ಅದನ್ನೇ ಬೇರೆ ಮಾತಿನಲ್ಲಿ ಮತ್ತೆ ಕೇಳುವುದೂ ಉಂಟು. ನೋಡುವವರು ಯಾರೂ ಇಲ್ಲ, ತಪ್ಪೇನೂ ಆಗುವುದಿಲ್ಲ. ಆದರೆ ಎರಡು ಸಲ ಹಾಗೆ ಮಾಡಿದರೆ ದಾಳದ ಮಾತಿಗೆ ಬೆಲೆ ಹೋಗುತ್ತದೆ. ಆಟ ಸಪ್ಪೆಯಾಗುತ್ತದೆ. ಉತ್ತರ ಎಲ್ಲಿಗೂ ಹೊಂದುವುದೇ ಇಲ್ಲ ಅನ್ನಿಸಿದರೆ ಮಾತ್ರ ಧಾರಾಳವಾಗಿ ಬಿಟ್ಟುಬಿಡಿ.

'ಗೋಪುರದಲ್ಲಿ ಇರುವವರು ಯಾಕೆ ಬಂದರು?' ಅನ್ನುವಂಥದ್ದಕ್ಕೆ ಹೌದು–ಇಲ್ಲ ಸಾಲದು. ಅದಕ್ಕೆ ಎರಡು ಚಿಕ್ಕ ಪಟ್ಟಿ ಮಾಡಿಕೊಳ್ಳಿ. ಕೆಲಸದ ಪದಗಳು ಆರು: ಬಚ್ಚಿಡು, ಹಿಂತಿರುಗಿಸು, ಮೋಸಮಾಡು, ಕಾಯು, ಮುರಿ, ಹುಡುಕು. ವಸ್ತುವಿನ ಪದಗಳು ಆರು: ಪತ್ರ, ಮಗು, ಸಾಲ, ನೀರು, ಹೆಸರು, ಬೀಗದ ಕೈ. ಒಂದೊಂದಕ್ಕೆ ಒಂದೊಂದು ದಾಳ. ಒಟ್ಟು 36 ಜೋಡಿ. ನನಗೆ ಬಿದ್ದದ್ದು 2 ಮತ್ತು 3: ಹಿಂತಿರುಗಿಸು, ಸಾಲ. ಗಡಿಯಾರಕ್ಕೆ ಕೀ ಕೊಟ್ಟು ಯಾರೋ ಹಳೇ ಸಾಲ ತೀರಿಸುತ್ತಿದ್ದಾರೆ. ಯಾರಿಗೆ? ಅಜ್ಜಿಗಾ? ಪದಗಳು ಕೊಡುವುದು ಇಷ್ಟೇ ಸುಳಿವು, ಹೊಲಿಗೆ ನಿಮ್ಮದು. ಅರ್ಧ ನಿಮಿಷ ಯೋಚಿಸಿಯೂ ಏನೂ ಹೊಳೆಯದಿದ್ದರೆ ಇನ್ನೊಂದು ಜೋಡಿ ತೆಗೆಯಿರಿ.

ಗಡುವು ಇರಲಿ

ಎದುರಿಗೆ ಯಾರೂ ಇಲ್ಲದಿರುವುದರಿಂದ ಆಟ ಎಲ್ಲಿ ಮುಗಿಸಬೇಕು ಅನ್ನುವುದು ತಿಳಿಯುವುದಿಲ್ಲ. ಒಂದು ವೃತ್ತ ಬರೆದು ನಾಲ್ಕು ಭಾಗ ಮಾಡಿ, ಪಕ್ಕದಲ್ಲಿ ಒಂದು ಆಪತ್ತಿನ ಹೆಸರು ಬರೆಯಿರಿ. ನನ್ನದು 'ನೀರು ಮತ್ತೆ ಏರುತ್ತಿದೆ'. ಪ್ರತಿ ಎಡವಟ್ಟಿಗೆ ಒಂದು ಭಾಗ ತುಂಬುತ್ತೇನೆ. ನಾಲ್ಕೂ ತುಂಬಿದರೆ ಊರು ಮತ್ತೆ ಮುಳುಗುತ್ತದೆ, ಇಳಾ ಕಂಡುಕೊಂಡದ್ದು ಎಷ್ಟೋ ಅಷ್ಟೇ. ಇದೊಂದರಿಂದ ಆಟಕ್ಕೆ ಬರುವ ಬಿಗಿ ಮತ್ತಾವುದರಿಂದಲೂ ನನಗೆ ಸಿಕ್ಕಿಲ್ಲ.

ಬರೆಯುವುದು ಎಷ್ಟು? ಕೆಲವರು ಪುಟಗಟ್ಟಲೆ ಬರೆಯುತ್ತಾರೆ. ನಾನು ಪ್ರಶ್ನೆ, ಗರ, ಒಂದು ಸಾಲು ಇಷ್ಟೇ ಬರೆಯುತ್ತೇನೆ. ವಾರ ಬಿಟ್ಟು ತೆರೆದಾಗ ನೆನಪಾದರೆ ಸಾಕು. ಚೆಂದದ ವಾಕ್ಯಕ್ಕೆ ಕಾದು ಕೂತರೆ ಆಟ ನಿಂತೇ ಹೋಗುತ್ತದೆ.

ಆಮೇಲೆ ಯಾವ ಆಟ

ಎರಡು ಮೂರು ಸಂಜೆ ಹೀಗೆ ಆಡಿ, ರುಚಿ ಹತ್ತಿದರೆ ಸಿದ್ಧ ಆಟಗಳತ್ತ ನೋಡಬಹುದು. 2018ರಲ್ಲಿ ಬಂದ ಐರನ್‌ಸ್ವೋರ್ನ್ ಮೊದಲ ಹೆಜ್ಜೆಗೆ ಒಳ್ಳೆಯದು. ಅದರ ಪಿಡಿಎಫ್ ಉಚಿತ, ಒಬ್ಬರೇ ಆಡುವುದಕ್ಕೆ ನಿಯಮಗಳು ಒಳಗೇ ಇವೆ. ಆರು ಮುಖದ ಒಂದು ದಾಳಕ್ಕೆ ಪಾತ್ರದ ಬಲ ಸೇರಿಸಿ, ಹತ್ತು ಮುಖದ ಎರಡು ದಾಳಗಳಿಗೆ ಹೋಲಿಸಬೇಕು. ಎರಡನ್ನೂ ಮೀರಿದರೆ ಪೂರ್ತಿ ಗೆಲುವು, ಒಂದನ್ನು ಮೀರಿದರೆ ಅರ್ಧ, ಯಾವುದನ್ನೂ ಮೀರದಿದ್ದರೆ ಸೋಲು.

ನಿಮ್ಮ ಹತ್ತಿರ ಗುಂಪಿನ ಆಟವೊಂದು ಈಗಾಗಲೇ ಇದ್ದರೆ ಮಿಥಿಕ್ ಗೇಮ್ ಮಾಸ್ಟರ್ ಎಮ್ಯುಲೇಟರ್ ನೋಡಿ. ಅದು ಯಾವ ಆಟದ ಜೊತೆಗೂ ಹೊಂದುವ ಒರಾಕಲ್. ಅದರಲ್ಲಿ 1ರಿಂದ 9ರವರೆಗೆ ಗೊಂದಲದ ಅಳತೆ ಒಂದಿದೆ. ಪರಿಸ್ಥಿತಿ ಕೈಮೀರಿದಷ್ಟೂ ಅದು ಏರುತ್ತದೆ, ಅಂದುಕೊಳ್ಳದ ಘಟನೆಗಳೂ ಜಾಸ್ತಿಯಾಗುತ್ತವೆ. ಪಟ್ಟಿಗಳು ಬಹಳ, ಮೊದಲ ದಿನ ತಲೆ ಕೆಡುತ್ತದೆ.

ಬರವಣಿಗೆಯೇ ಇಷ್ಟ ಅನ್ನುವವರಿಗೆ ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್. ನಿಮ್ಮ ಪಾತ್ರ ಶತಮಾನಗಟ್ಟಲೆ ಬದುಕುವ ರಕ್ತಪಿಪಾಸು ವ್ಯಾಂಪೈರ್, ಆದರೆ ತಲೆಯಲ್ಲಿ ಐದೇ ನೆನಪಿಗೆ ಜಾಗ. ಹೊಸದು ಬಂದಾಗ ಹಳೆಯದೊಂದನ್ನು ಪಾತ್ರದ ಡೈರಿಗೆ ಸಾಗಿಸಬೇಕು, ಇಲ್ಲವೇ ನೀವೇ ಗೀಟು ಎಳೆದು ಹೊಡೆದುಹಾಕಬೇಕು. ಮಗಳ ಹೆಸರನ್ನು ಹೊಡೆದುಹಾಕಿದ ರಾತ್ರಿ ನಾನು ನೋಟ್‌ಬುಕ್ ಮುಚ್ಚಿ ಸುಮ್ಮನೆ ಕೂತಿದ್ದೆ. ಮನಸ್ಸು ಭಾರ ಇರುವ ದಿನ ಇದನ್ನು ಎತ್ತಿಕೊಳ್ಳಬೇಡಿ.

ಒಂದು ಸಣ್ಣ ಉಪಾಯ ಉಳಿಯಿತು. ಆಟವನ್ನು ದೃಶ್ಯ ಮುಗಿದ ಮೇಲೆ ನಿಲ್ಲಿಸಬೇಡಿ. ಒಂದು ಪ್ರಶ್ನೆ ಬರೆದು, ದಾಳ ಹಾಕದೆ ಎದ್ದುಬಿಡಿ. ಮರುದಿನ ಕೂತ ಕೂಡಲೇ ಕೈಗೆ ಕೆಲಸ ಇರುತ್ತದೆ. ನನ್ನ ನೋಟ್‌ಬುಕ್ಕಿನ ಕೊನೇ ಸಾಲು ಸದ್ಯಕ್ಕೆ ಹೀಗಿದೆ: 'ನಾಲ್ಕರಲ್ಲಿ ಮೂರು ತುಂಬಿದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಕೆಳಗಿಂದ ಬರುತ್ತಿದೆಯಾ?'